ಹೊಗೆ ಹಿಡಿದ ಬೈಸನ್ ಮತ್ತು ನಮ್ಮ ಆಡಿನ ಒಣ ಖಂಡ

ಹೊಗೆ ಕೊಟ್ಟ ಮಾಂಸ ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ ಎಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಅದು ಸರಿಯಲ್ಲ. ಮಾಂಸವನ್ನು ಕಾಪಾಡುವ ಮುಖ್ಯ ಕೆಲಸ ಉಪ್ಪಿನದು ಮತ್ತು ಒಣಗಿಸುವಿಕೆಯದು. ಹೊಗೆ ಮೇಲ್ಪದರದಲ್ಲಷ್ಟೇ ಕೂರುತ್ತದೆ. ನೊಣಗಳನ್ನು ದೂರವಿಡುತ್ತದೆ, ಅಳಿದುಳಿದ ಕೊಬ್ಬು ಕಮಟುವುದನ್ನು ತಡಮಾಡುತ್ತದೆ, ರುಚಿ ಕೊಡುತ್ತದೆ. ಈ ವ್ಯತ್ಯಾಸ ತಿಳಿಯದೆ ದಪ್ಪ ತುಂಡುಗಳನ್ನು ಒಲೆಯ ಮೇಲೆ ತೂಗುಹಾಕಿ ಕಪ್ಪಾಗಿಸಿದರೆ ಹೊರಗೆ ಒಣಗಿ ಒಳಗೆ ಕೊಳೆಯುತ್ತದೆ. ಸಿರುಗುಪ್ಪದಲ್ಲಿ ನಾನೂ ನಮ್ಮ ಮನೆಯವರೂ ಖಾನಾವಳಿ ನಡೆಸುತ್ತೇವೆ, ಮಾಂಸದ ಅಡುಗೆ ನನಗೆ ಹೊಸದಲ್ಲ. ಆದರೆ ಹೊಗೆ ಹಿಡಿದ ಮಾಂಸವನ್ನು ಅದರ ಗುಣ ಅರಿತು ಬೇಯಿಸುವುದನ್ನು ನಾನು ಸರಿಯಾಗಿ ಕಲಿತದ್ದು ಅಮೆರಿಕದಲ್ಲಿ, ಬೈಸನ್ ಎಂಬ ದನದ ಜಾತಿಯ ದೊಡ್ಡ ಪ್ರಾಣಿಯ ಮಾಂಸದ ಮೇಲೆ.

ಮಗಳ ಬಾಣಂತನಕ್ಕೆಂದು ಡೆನ್ವರ್‌ಗೆ ಹೋಗಿದ್ದೆ. ಹೆರಿಗೆಯ ನಂತರ ಅವಳಿಗೆ ರಕ್ತ ಕಡಿಮೆಯಾಗಿತ್ತು. ವೈದ್ಯರು ಕಬ್ಬಿಣಾಂಶದ ಮಾತ್ರೆಯ ಜೊತೆಗೆ ಕೆಂಪು ಮಾಂಸ ಕೊಡಲು ಹೇಳಿದರು. ಕೊಲೊರಾಡೊದಲ್ಲಿ ಬೈಸನ್ ಸಾಕುವ ತೋಟಗಳಿವೆ, ಅದರ ಮಾಂಸ ಅಂಗಡಿಯಲ್ಲಿ ಸಿಗುತ್ತದೆ. ಅಳಿಯ ಒಂದು ದಿನ ತಾಜಾ ಮಾಂಸವನ್ನೂ ಹೊಗೆಯಲ್ಲಿ ಒಣಗಿಸಿದ ಉದ್ದ ಪಟ್ಟಿಗಳನ್ನೂ ತಂದು, "ಅತ್ತೆ, ಇದನ್ನು ನಮ್ಮೂರಿನ ಖಂಡದ ಸಾರಿನಂತೆ ಮಾಡಲು ಬರುತ್ತದೆಯೇ ನೋಡಿ" ಎಂದರು. ಬಾಣಂತಿಗೆ ತಾಜಾ ಮಾಂಸವನ್ನೇ ಬೇಯಿಸಿ ಕೊಟ್ಟೆ, ಒಣಗಿದ್ದರಲ್ಲಿ ಉಪ್ಪು ಬಹಳ. ಒಣ ಪಟ್ಟಿಗಳು ನನ್ನ ಮತ್ತು ಅಳಿಯನ ಪಾಲಿಗೆ ಬಂದವು.

ಬೈಸನ್ ಮಾಂಸ ನೋಡಿದವರಿಗೆ ಮೊದಲು ಕಾಣುವುದು ಅದರ ಗಾಢ ಕೆಂಪು. ಖಂಡದ ನಡುವೆ ಬಿಳಿ ಎಳೆಗಳು ಅಪರೂಪ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಂತೆ, ಕೊಬ್ಬು ತೆಗೆದ 100 ಗ್ರಾಂ ಹಸಿ ಬೈಸನ್ ಮಾಂಸದಲ್ಲಿ ಸುಮಾರು 109 ಕ್ಯಾಲೊರಿ, 21 ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನ್, 2 ಗ್ರಾಂಗೂ ಕಡಿಮೆ ಕೊಬ್ಬು, 2.6 ಮಿಲಿಗ್ರಾಂ ಕಬ್ಬಿಣಾಂಶ ಇವೆ. ಅದೇ ಪಟ್ಟಿಯಲ್ಲಿ ಆಡಿನ ಮಾಂಸದ ಸಾಲನ್ನು ಮಗಳು ಓದಿ ಹೇಳಿದಾಗ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಅಲ್ಲಿಯೂ 109 ಕ್ಯಾಲೊರಿ, ಪ್ರೋಟೀನ್ 20.6 ಗ್ರಾಂ, ಕೊಬ್ಬು 2.3 ಗ್ರಾಂ, ಕಬ್ಬಿಣಾಂಶ 2.8 ಮಿಲಿಗ್ರಾಂ. ಹತ್ತು ಸಾವಿರ ಕಿಲೋಮೀಟರಿಗೂ ಆಚೆಯ ಬಯಲಿನ ಪ್ರಾಣಿಗೂ ನಮ್ಮ ಹೊಲದ ಬದುವಿನಲ್ಲಿ ಜಾಲಿಕಾಯಿ ಮೇಯುವ ಆಡಿಗೂ ಪೌಷ್ಟಿಕಾಂಶದಲ್ಲಿ ಇಷ್ಟು ಹತ್ತಿರದ ನಂಟಿದೆ. ಹಾಗಾಗಿ ಬೈಸನ್‌ಗೆ ಹೊಂದುವ ಅಡುಗೆಯ ಕ್ರಮ ಆಡಿಗೂ ಹೊಂದುತ್ತದೆ. ಕೊಬ್ಬು ಬೆರೆತ ಕುರಿಮಾಂಸಕ್ಕೆ ಅದು ಹೊಂದುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಲೆನಾಡಿನ ಕಾಟಿಯನ್ನು ಪತ್ರಿಕೆಗಳಲ್ಲಿ ಕೆಲವೊಮ್ಮೆ ಭಾರತೀಯ ಬೈಸನ್ ಎಂದು ಬರೆಯುತ್ತಾರೆ. ಅದು ಬೇರೆಯೇ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ. ಅದನ್ನು ಬೇಟೆಯಾಡುವುದು, ಮಾಂಸ ಇಟ್ಟುಕೊಳ್ಳುವುದು ಅಪರಾಧ. ಈ ಬರಹದಲ್ಲಿ ಬೈಸನ್ ಎಂದರೆ ಅಮೆರಿಕದ, ಸಾಕಣೆಯ ಬೈಸನ್ ಮಾತ್ರ.

ಅಲ್ಲಿನ ಮೂಲನಿವಾಸಿ ಹೆಂಗಸರು ಬೈಸನ್ ಮಾಂಸವನ್ನು ಎಲೆಯಷ್ಟು ತೆಳ್ಳಗೆ ಸೀಳಿ, ಕೋಲಿನ ಚಪ್ಪರದ ಮೇಲೆ ಬಿಸಿಲಿಗೆ ಹರವಿ, ಕೆಳಗೆ ಸಣ್ಣಗೆ ಹೊಗೆ ಹಾಕುತ್ತಿದ್ದರು. ಒಣಗಿದ್ದನ್ನು ಕುಟ್ಟಿ ಪುಡಿ ಮಾಡಿ, ಕರಗಿಸಿದ ಕೊಬ್ಬಿನಲ್ಲಿ ಕಲಸಿ, ಕೆಲವೊಮ್ಮೆ ಒಣ ಹಣ್ಣು ಸೇರಿಸಿ ಪೆಮ್ಮಿಕನ್ ಎಂಬ ಬುತ್ತಿ ಕಟ್ಟುತ್ತಿದ್ದರು. ಕೋಟಿಗಟ್ಟಲೆ ಇದ್ದ ಬೈಸನ್‌ಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕೆಲವೇ ನೂರಕ್ಕೆ ಇಳಿಸಿದರು. ಪ್ರಾಣಿಯ ಜೊತೆಗೆ ಅದನ್ನು ನಂಬಿದ ಜನರ ಊಟವೂ ಹೋಯಿತು. ಆ ಕತೆ ಕೇಳಿದ ಮೇಲೆ ಆ ಮಾಂಸದ ಒಂದು ತುಣುಕನ್ನೂ ಹಾಳು ಮಾಡಲು ನನಗೆ ಮನಸ್ಸು ಬರಲಿಲ್ಲ.

ಈಗ ಅಡುಗೆಗೆ ಬರುತ್ತೇನೆ. ಒಣ ಬೈಸನ್ ಪಟ್ಟಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಕ್ಕಾಲು ಗಂಟೆ ನೆನೆಸಿ ಆ ನೀರನ್ನು ಚೆಲ್ಲಿದೆ. ಅದರಲ್ಲಿ ಉಪ್ಪೂ ಮಸಿಯ ಕಹಿಯೂ ಹೋಗುತ್ತವೆ. ನೆನೆದ ಪಟ್ಟಿಯನ್ನು ನಾರಿಗೆ ಅಡ್ಡಲಾಗಿ ಬೆರಳಗಲ ಕತ್ತರಿಸಬೇಕು. ನಾರಿನುದ್ದಕ್ಕೆ ಕತ್ತರಿಸಿದರೆ ಎಷ್ಟು ಬೇಯಿಸಿದರೂ ಹಗ್ಗ ಅಗಿದಂತೆ ಇರುತ್ತದೆ. ನಂತರ ಈರುಳ್ಳಿ, ಬೆಳ್ಳುಳ್ಳಿ, ಅರಿಸಿನ ಹಾಕಿ ನೀರು ಮುಳುಗುವಷ್ಟು ಸುರಿದು ಸಣ್ಣ ಉರಿಯಲ್ಲಿ ಇಟ್ಟೆ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ಮಾಂಸ ಮೆತ್ತಗಾಗಲು ಎರಡು ಗಂಟೆಯ ಮೇಲೆಯೇ ಹಿಡಿಯಿತು. ಊರಿನಲ್ಲಿ ಒಂದೂವರೆ ಗಂಟೆ ಸಾಕು. ಕುಕ್ಕರ್ ನನಗೆ ಇದಕ್ಕೆ ಇಷ್ಟವಿಲ್ಲ. ಕೊಬ್ಬಿಲ್ಲದ ಮಾಂಸ ಸೀಟಿಯ ಒತ್ತಡದಲ್ಲಿ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ, ಬಾಯಲ್ಲಿ ಹಿಂಜಿದ ಹತ್ತಿಯ ಹಾಗೆ ಒಣಗಾಗುತ್ತದೆ.

ತಾಜಾ ಬೈಸನ್‌ನಲ್ಲಿ ತಪ್ಪಲು ಇನ್ನೂ ಸುಲಭ. ಇಡೀ ತುಂಡು ಒಳಗೆ 63 ಡಿಗ್ರಿ ತಲುಪಿದ ಕೂಡಲೇ ಇಳಿಸಿ ಮೂರು ನಿಮಿಷ ಹಾಗೆಯೇ ಬಿಡಬೇಕು, ಖೀಮಾ ಆದರೆ 71 ಡಿಗ್ರಿ ಆಗಲೇಬೇಕು. ಹೆಚ್ಚು ಹೊತ್ತು ಉರಿಯ ಮೇಲೆ ಬಿಟ್ಟರೆ ಕಾಪಾಡಲು ಕೊಬ್ಬಿಲ್ಲದ ಕಾರಣ ಗಟ್ಟಿಯಾಗುತ್ತದೆ.

ಊರಿಗೆ ಮರಳಿದ ಮೇಲೆ ಇದೇ ಕ್ರಮದಲ್ಲಿ ಆಡಿನ ಮಾಂಸ ಮಾಡತೊಡಗಿದೆ. ಹಿಂದೆ ನಮ್ಮವ್ವ ಜಾತ್ರೆಯ ಮರುದಿನ ಉಳಿದ ಮಾಂಸಕ್ಕೆ ಉಪ್ಪು, ಅರಿಸಿನ, ಖಾರ ಸವರಿ ದಾರಕ್ಕೆ ಪೋಣಿಸಿ ಒಲೆಯ ಮೇಲಿನ ಬಿದಿರಿಗೆ ಕಟ್ಟುತ್ತಿದ್ದಳು. ಆಕೆಯ ಕೈಗುಣವನ್ನು ಉಳಿಸಿಕೊಂಡು ಮೂರು ಬದಲಾವಣೆ ಮಾಡಿದ್ದೇನೆ: ಉಪ್ಪನ್ನು ತೂಗಿ ಹಾಕುತ್ತೇನೆ, ಒಣಗಿಸುವ ಮೊದಲು ಕುದಿಸುತ್ತೇನೆ, ಹೊಗೆಯನ್ನು ಬೆಂಕಿಯಿಂದ ದೂರ ಒಯ್ದು ತಣಿಸಿ ಕೊಡುತ್ತೇನೆ.

ಕಟುಕರ ಅಂಗಡಿಯಲ್ಲಿ ಆಡಿನ ಹಿಂಗಾಲಿನ ಮಾಂಸವನ್ನೇ ಕೇಳಿ ತರುತ್ತೇನೆ. ಆಡಿನ ಕೊಬ್ಬು ಹೆಚ್ಚಾಗಿ ಮೇಲೆ ಮತ್ತು ಖಂಡಗಳ ನಡುವೆ ಇರುವುದರಿಂದ ಕತ್ತಿಯಿಂದ ಪೂರ್ತಿ ತೆಗೆಯಬಹುದು. ಕೊಬ್ಬು ಉಪ್ಪಿಗೂ ಬಿಸಿಲಿಗೂ ಬಗ್ಗುವುದಿಲ್ಲ, ಮೊದಲು ಕಮಟುವುದು ಅದೇ. ಮಾಂಸವನ್ನು ಒಂದು ಗಂಟೆ ಫ್ರೀಜರಿನಲ್ಲಿಟ್ಟರೆ ಅರ್ಧ ಗಟ್ಟಿಯಾಗಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಸೀಳಲು ಬರುತ್ತದೆ. ಸೀಳುವುದು ಮಾತ್ರ ನಾರಿನುದ್ದಕ್ಕೆ, ಇಲ್ಲದಿದ್ದರೆ ತೂಗುಹಾಕಿದಾಗ ಹರಿದು ಬೀಳುತ್ತದೆ. ಒಂದು ಕಿಲೋ ಮಾಂಸಕ್ಕೆ 25 ಗ್ರಾಂ ಉಪ್ಪು, ಅರಿಸಿನ, ಜಜ್ಜಿದ ಬೆಳ್ಳುಳ್ಳಿ ಸವರಿ ರಾತ್ರಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಹಸಿ ಮಾಂಸವನ್ನು ಹೊರಗೆ ಒಂದು ಗಂಟೆಗಿಂತ ಹೆಚ್ಚು ಬಿಡುವುದು ಕ್ಷೇಮವಲ್ಲ.

ಬೆಳಿಗ್ಗೆ ಆ ಪಟ್ಟಿಗಳನ್ನು ಕುದಿಯುವ ನೀರಿನಲ್ಲಿ ಬಿಟ್ಟು ಒಳಗಿನ ಕೆಂಪು ಹೋಗುವವರೆಗೆ ಬೇಯಿಸಿ ತೆಗೆಯುತ್ತೇನೆ. ಒಣಗಿಸುವ ಮೊದಲು ಮಾಂಸ 71 ಡಿಗ್ರಿ ಕಾಣಬೇಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಅದಕ್ಕೆ ಕಾರಣವಿದೆ. ಹಸಿಯಾಗಿ ನಿಧಾನ ಒಣಗುವ ಮಾಂಸದಲ್ಲಿ ರೋಗಾಣುಗಳೂ ಒಣಗನ್ನು ತಾಳಿಕೊಳ್ಳುವಂತೆ ಗಟ್ಟಿಯಾಗುತ್ತವೆ, ಆಮೇಲಿನ ಶಾಖಕ್ಕೆ ಸುಲಭವಾಗಿ ಸಾಯುವುದಿಲ್ಲ. ನೆರೆಯ ಹಿರಿಯರು, "ಏನವ್ವಾ, ಕುದಿಸಿದರೆ ರಸವೆಲ್ಲ ಹೋಗುವುದಿಲ್ಲವೇ?" ಎಂದು ಕೇಳುತ್ತಾರೆ. ಸ್ವಲ್ಪ ಹೋಗುತ್ತದೆ. ಮೊಮ್ಮಕ್ಕಳು ತಿನ್ನುವ ಮಾಂಸದಲ್ಲಿ ಆ ಸ್ವಲ್ಪವನ್ನು ಬಿಟ್ಟುಕೊಡಲು ನಾನು ಸಿದ್ಧ.

ಒಣಗಿಸಲು ನಮ್ಮ ಸೀಮೆಯಂಥ ಸೀಮೆ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಯುಗಾದಿಯವರೆಗಿನ ಒಣ ಗಾಳಿ ಇದಕ್ಕೆಂದೇ ಇದೆಯೇನೋ ಎನ್ನಿಸುತ್ತದೆ. ಮಾಳಿಗೆಯ ಮೇಲೆ ತಂತಿಗೆ ಕಟ್ಟಿ ಸುತ್ತಲೂ ತೆಳು ಬಿಳಿ ಬಟ್ಟೆ ಇಳಿಬಿಡುತ್ತೇನೆ, ಸಂಜೆ ಒಳಗೆ ತರುತ್ತೇನೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಯೇ ಹಾಕಬಾರದು. ಕಿಲೋ ಮಾಂಸ ಒಣಗಿ ಸುಮಾರು 350 ಗ್ರಾಂಗೆ ಇಳಿದಾಗ ಪಟ್ಟಿ ಬಾಗಿಸಿದರೆ ಮೇಲೆ ಬಿರುಕು ಬಿಟ್ಟು ಬಿಳಿ ನಾರು ಕಾಣುತ್ತದೆ. ಒತ್ತಿದರೆ ತೇವ ಬೆರಳಿಗೆ ಅಂಟಬಾರದು.

ಹೊಗೆ ಹಾಕುವುದು ನನಗೆ ಅತ್ಯಂತ ಪ್ರೀತಿಯ ಕೆಲಸ. ಟೆಕ್ಸಸ್ ಕಡೆ ಮಾಂಸಕ್ಕೆ ಹೊಗೆ ಕೊಡಲು ಮೆಸ್ಕೀಟ್ ಎಂಬ ಮುಳ್ಳುಮರದ ಕಟ್ಟಿಗೆಯನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮ್ಮ ಕಾಲುವೆಯ ದಡದಲ್ಲಿ, ಬೀಳು ಹೊಲದಲ್ಲಿ, ರಸ್ತೆಯ ಬದಿಯಲ್ಲಿ ಯಾರಿಗೂ ಬೇಡವಾಗಿ ಹಬ್ಬಿರುವ ಬಳ್ಳಾರಿ ಜಾಲಿ ಅದರ ಹತ್ತಿರದ ಬಂಧು. ಅದೂ ಅಮೆರಿಕ ಖಂಡದಿಂದಲೇ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮರ. ಇಷ್ಟು ಬೈಸಿಕೊಳ್ಳುವ ಮರದಿಂದ ಇಷ್ಟು ಒಳ್ಳೆಯ ಹೊಗೆ ಬರುತ್ತದೆಂದು ನಮ್ಮ ಜನರಿಗೆ ತಿಳಿಯಬೇಕು. ಕಟ್ಟಿಗೆಯ ತೊಗಟೆ ಸುಲಿದು ಚೆನ್ನಾಗಿ ಒಣಗಿಸಬೇಕು, ಹಸಿ ಕಟ್ಟಿಗೆಯ ದಟ್ಟ ಬಿಳಿ ಹೊಗೆ ಮಾಂಸವನ್ನು ಕಹಿ ಮಾಡುತ್ತದೆ. ಬೇವು, ನೀಲಗಿರಿ, ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್ ಇವುಗಳನ್ನು ಒಲೆಯ ಹತ್ತಿರವೂ ತರಬಾರದು. ಕೆಂಡದ ಮೇಲೆ ಭತ್ತದ ಹೊಟ್ಟು ಒಂದು ಹಿಡಿ ಉದುರಿಸಿದರೆ ಉರಿ ಏಳದೆ ಮೆಲ್ಲಗೆ ಹೊಗೆಯಾಡುತ್ತದೆ. ನಮ್ಮೂರಿನ ರೈಸ್ ಮಿಲ್ಲುಗಳಿರುವಾಗ ಹೊಟ್ಟಿಗೇನು ಬರ?

ಹಿತ್ತಿಲಲ್ಲಿ ಇಟ್ಟಿಗೆಯ ಸಣ್ಣ ಒಲೆ, ಅಲ್ಲಿಂದ ಮೇಲೆ ಮುಚ್ಚಿದ ಒಂದು ಮಾರು ಉದ್ದದ ಮಣ್ಣಿನ ಕಾಲುವೆ, ಅದರ ತುದಿಗೆ ತಳವಿಲ್ಲದ ದೊಡ್ಡ ಮಣ್ಣಿನ ಬಾನಿ. ಮಾಂಸ ಬಾನಿಯೊಳಗೆ ತೂಗುತ್ತದೆ. ಹೊಗೆ ತಣಿದು, ಮಸಿ ದಾರಿಯಲ್ಲೇ ಉಳಿದು, ತೆಳು ನೀಲಿಯಾಗಿ ಒಳಗೆ ಬರುತ್ತದೆ. ಎರಡು ಮೂರು ಗಂಟೆ ಸಾಕು. ಉರಿಯ ನೇರ ಮೇಲೆ ಕಟ್ಟಿದರೆ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ, ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಹುಟ್ಟಿ ಮಾಂಸಕ್ಕೆ ಅಂಟುತ್ತವೆ.

ಇದನ್ನು ಹೇಳುವಾಗ ಮುಚ್ಚಿಡಬಾರದ ಸಂಗತಿಯೂ ಇದೆ. ಉಪ್ಪು ಹಾಕಿ, ಹೊಗೆ ಕೊಟ್ಟು ಇಡುವ ಮಾಂಸಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನವೂ 50 ಗ್ರಾಂ ತಿನ್ನುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ಸುಮಾರು 18 ಪ್ರತಿಶತ ಹೆಚ್ಚುತ್ತದೆ ಎಂದಿತು. ಆದ್ದರಿಂದ ನಮ್ಮ ಮನೆಯಲ್ಲಿ ಇದು ಅಪರೂಪದ ಊಟ. ಒಬ್ಬರಿಗೆ 30 ಗ್ರಾಂ ಒಣ ಖಂಡ ಸಾಕು, ಅಷ್ಟರಲ್ಲೇ ಸುಮಾರು 17 ಗ್ರಾಂ ಪ್ರೋಟೀನ್ ಇರುತ್ತದೆ. ನಾನು ಹಾಕುವ ಲೆಕ್ಕದಲ್ಲಿ ಅಷ್ಟೇ ಖಂಡದಲ್ಲಿ 2 ಗ್ರಾಂವರೆಗೆ ಉಪ್ಪೂ ಇರುತ್ತದೆ. ದಿನಕ್ಕೆ 5 ಗ್ರಾಂ ಒಳಗಿರಬೇಕೆಂಬ ಸಲಹೆ ನೆನಪಿದ್ದರೆ, ನೆನೆಸಿದ ನೀರನ್ನು ಏಕೆ ಚೆಲ್ಲಬೇಕು ಎಂಬುದು ತಿಳಿಯುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಯೂರಿಕ್ ಆಮ್ಲ ಇರುವವರಿಗೆ ನಾನು ಇದನ್ನು ಬಡಿಸುವುದಿಲ್ಲ. ಅಂಥವರು ಬಂದರೆ ತಾಜಾ ಮಾಂಸದ ಸಾರು ಮಾಡುತ್ತೇನೆ.

ನನ್ನ ಅಚ್ಚುಮೆಚ್ಚಿನದು ಪುಂಡಿ ಸೊಪ್ಪಿನ ಜೊತೆಯ ಪಲ್ಯ. ನೆನೆಸಿ ಅಡ್ಡ ಕತ್ತರಿಸಿದ ಖಂಡವನ್ನು ಮೊದಲು ನೀರಿನಲ್ಲಿ ಪೂರ್ತಿ ಬೇಯಿಸುತ್ತೇನೆ. ಬೇರೆ ಮಣ್ಣಿನ ಪಾತ್ರೆಯಲ್ಲಿ ಶೇಂಗಾ ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಈರುಳ್ಳಿ ಬಾಡಿಸಿ, ಪುಂಡಿ ಸೊಪ್ಪು ಹಾಕಿ ಕರಗಿದ ಮೇಲೆ ಖಂಡವನ್ನು ಅದರ ರಸದ ಸಮೇತ ಸುರಿಯುತ್ತೇನೆ. ಖಂಡ ಬೇಯುವ ಮೊದಲೇ ಸೊಪ್ಪನ್ನು ಹಾಕಿದರೆ ತಳ ಹಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಈ ಹುಳಿಗೆ ಆಗದು. ಉಪ್ಪನ್ನು ರುಚಿ ನೋಡದೆ ಹಾಕಬಾರದು, ಹೆಚ್ಚಿನ ಸಲ ಬೇಕಾಗುವುದೇ ಇಲ್ಲ. ಜೊತೆಗೆ ಬಿಸಿ ಜೋಳದ ರೊಟ್ಟಿ. ಜೋಳದಲ್ಲಿ ಕಬ್ಬಿಣಾಂಶ ಇದ್ದರೂ ದೇಹ ಹೀರುವುದು ಕಡಿಮೆ, ಮಾಂಸದ ಜೊತೆ ತಿಂದರೆ ಆ ಹೀರುವಿಕೆ ಹೆಚ್ಚುತ್ತದೆ. ಹಾಗಾಗಿ ಚಿಕ್ಕ ತುಣುಕು ಖಂಡವೂ ರೊಟ್ಟಿಗೆ ಬಲ ಕೊಡುತ್ತದೆ.

ಪೆಮ್ಮಿಕನ್ ನೆನಪಿಗೆ ನಾನು ಖಂಡದ ಹಿಂಡಿಯನ್ನೂ ಮಾಡುತ್ತೇನೆ. ಚೆನ್ನಾಗಿ ಒಣಗಿದ ಖಂಡವನ್ನು ಹೆಂಚಿನ ಮೇಲೆ ಗರಿಗರಿಯಾಗುವಂತೆ ಹುರಿದು, ಒಳಕಲ್ಲಿನಲ್ಲಿ ಕುಟ್ಟಿ ಎಳೆಯಾಗಿಸಿ, ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರ, ಚೂರು ಹುಣಸೆಹಣ್ಣು ಸೇರಿಸಿ ಮತ್ತೆ ಕುಟ್ಟುತ್ತೇನೆ. ಇದಕ್ಕೆ ಉಪ್ಪು ಹಾಕುವುದಿಲ್ಲ, ಖಂಡದಲ್ಲಿರುವುದೇ ಸಾಕು. ಕೊಬ್ಬಿನ ಬದಲು ಶೇಂಗಾದ ಎಣ್ಣೆಯೇ ಅದನ್ನು ಕೂಡಿಸುತ್ತದೆ. ಸಜ್ಜೆ ರೊಟ್ಟಿಗೆ, ಬಿಸಿ ಅನ್ನಕ್ಕೆ ಒಂದು ಚಮಚ ಸಾಕು. ಮಾಡಿದಷ್ಟನ್ನೂ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡುತ್ತೇನೆ, ಉಳಿದ ಪಟ್ಟಿಗಳು ಫ್ರೀಜರಿಗೆ ಹೋಗುತ್ತವೆ. ಶ್ರಾವಣದ ತೇವದಲ್ಲಿ ಹೊರಗಿಟ್ಟದ್ದಕ್ಕೆ ಬೂಷ್ಟು ಕಂಡರೆ ಕೆರೆದು ತಿನ್ನುವ ಯೋಚನೆ ಬೇಡ, ಇಡೀ ಡಬ್ಬಿಯನ್ನೇ ಚೆಲ್ಲಿಬಿಡಿ.