ಕೆಲಸ ಹೋದಾಗ ಕೈಗೆ ಬಂದ ಇಡುಗಂಟನ್ನು ತಿಂಗಳ ಸಂಬಳ ಮಾಡಿಕೊಳ್ಳುವುದು ಹೇಗೆ?

19 ವರ್ಷ ನಾನು ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡಿದೆ. ಮೊದಲು ಪೀಣ್ಯದ ಒಂದು ಕಾರ್ಖಾನೆ, ಆಮೇಲೆ ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿ. ಕೆಲಸ ಬಿಟ್ಟವರ, ಕೆಲಸದಿಂದ ತೆಗೆದವರ ಫೈನಲ್ ಸೆಟಲ್‌ಮೆಂಟ್ ಲೆಕ್ಕ ಹಾಕುವುದು ನನ್ನ ಪಾಲಿಗಿತ್ತು. ಹಣ ಕೈಸೇರಿದ ನಾಲ್ಕೈದು ತಿಂಗಳಿಗೆ ಅವರಲ್ಲಿ ಕೆಲವರು ಮತ್ತೆ ಫೋನ್ ಮಾಡುತ್ತಿದ್ದರು. ಹಣ ಕಡಿಮೆ ಬಂದು ಕಷ್ಟಪಟ್ಟವರಿಗಿಂತ, ಬಂದ ಹಣವನ್ನು ಒಂದೇ ವಾರದಲ್ಲಿ ಎಲ್ಲೋ ಹಾಕಿ ಕೈಕಟ್ಟಿ ಕೂತವರೇ ಜಾಸ್ತಿ.

ನನ್ನ ಭಾವಮೈದನ ಕಥೆಯೂ ಅದೇ. ಸುಮಾರು 6 ಲಕ್ಷ ಬಂತು. ಮಾರನೇ ದಿನವೇ ಫೋನ್ ಮಾಡಿದ. "ಭಾವ, ಮನೆ ಸಾಲಕ್ಕೆ ಹಾಕ್ಬಿಟ್ಟೆ. ಮನಸ್ಸಿಗೆ ನಿರಾಳ ಆಯ್ತು" ಅಂದ. "ಎಲ್ಲಾನೂ ಹಾಕಿದ್ಯಾ?" ಅಂದೆ. "ಹೂಂ, ಎಲ್ಲಾ" ಅಂದ. ಐದನೇ ತಿಂಗಳು ಅದೇ ಸಾಲದ ಕಂತು ಕಟ್ಟಲು ನನ್ನ ಹತ್ತಿರ 40 ಸಾವಿರ ಕೇಳಿದ. ಸಾಲಕ್ಕೆ ಕಟ್ಟಿದ ಹಣವನ್ನು ಬೇಕು ಅಂದಾಗ ಬ್ಯಾಂಕ್ ವಾಪಸ್ ಕೊಡುವುದಿಲ್ಲ. ಅವನು ತಪ್ಪು ಮಾಡಬೇಕು ಅಂತ ಮಾಡಲಿಲ್ಲ. ಸಾಲ ತೀರಿಸುವುದು ಒಳ್ಳೆಯದು ಅಂತ ನಾವೇ ಅವನಿಗೆ ಕಲಿಸಿದ್ದೆವು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಅವತ್ತೇ ಸಹಿ ಹಾಕಬೇಡಿ

ಎಚ್‌ಆರ್‌ನವರು ಸಣ್ಣ ಕೋಣೆಗೆ ಕರೆಯುತ್ತಾರೆ. "ನೀವೇ ರಾಜೀನಾಮೆ ಕೊಟ್ಟರೆ ಒಳ್ಳೆಯದು, ದಾಖಲೆ ಚೆನ್ನಾಗಿರುತ್ತೆ" ಅನ್ನುತ್ತಾರೆ. ರಾಜೀನಾಮೆ ಬರೆದುಕೊಟ್ಟರೆ ಕಾಗದದ ಮೇಲೆ ನೀವೇ ಕೆಲಸ ಬಿಟ್ಟ ಹಾಗೆ. ಆಮೇಲೆ ರಿಟ್ರೆಂಚ್‌ಮೆಂಟ್ ಪರಿಹಾರ, ಅಂದರೆ ಕೆಲಸದಿಂದ ತೆಗೆದದ್ದಕ್ಕೆ ಕಂಪನಿ ಕೊಡುವ ಹಣ, ಕೇಳುವುದು ಬಹಳ ಕಷ್ಟ. "ಎಲ್ಲವನ್ನೂ ಮೇಲ್‌ನಲ್ಲಿ ಕಳಿಸಿ, ಓದಿ ಎರಡು ದಿನದಲ್ಲಿ ಹೇಳುತ್ತೇನೆ" ಎನ್ನಿ. ಅಷ್ಟು ಹೇಳಿ ಎದ್ದು ಬನ್ನಿ. ಬಂದ ಪತ್ರವನ್ನು ಒಬ್ಬ ವಕೀಲರಿಗೆ ತೋರಿಸಿ. ಕಂಪನಿ ದಬ್ಬಾಳಿಕೆ ಮಾಡುತ್ತಿದೆ ಅನಿಸಿದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆಯ ಕಚೇರಿ ಇದೆ, ಅಲ್ಲಿ ದೂರು ಕೊಡಬಹುದು.

ಮೇಲ್ ಬಂದ್ ಆಗುವ ಮುಂಚೆ ಸಂಬಳದ ಚೀಟಿಗಳು, ಫಾರ್ಮ್ 16, ಆಫರ್ ಲೆಟರ್, ಪ್ರಮೋಷನ್ ಪತ್ರ ಎಲ್ಲವನ್ನೂ ಇಳಿಸಿಟ್ಟುಕೊಳ್ಳಿ.

2. ಬರಬೇಕಾದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ

ಗ್ರಾಚ್ಯುಟಿಯನ್ನು, ಅಂದರೆ ಸೇವೆಯ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಸಿಗುವ ಹಣವನ್ನು, ಕಂಪನಿ ದಯೆಯಿಂದ ಕೊಡುವುದಲ್ಲ. 1972ರಿಂದ ಅದಕ್ಕೆ ಕಾನೂನೇ ಇದೆ. ಕಾಯಂ ನೌಕರರಿಗೆ 5 ವರ್ಷ ಸೇವೆ ಆಗಿದ್ದರೆ ಸಿಗುತ್ತದೆ. ಕೊನೆಯ ತಿಂಗಳ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ. ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ. ಬೇಸಿಕ್ 52,000 ಇದ್ದು 8 ವರ್ಷ ಆಗಿದ್ದರೆ 2,40,000 ರೂಪಾಯಿ. ಇದರ ಜೊತೆ ನೋಟಿಸ್ ಅವಧಿಯ ಸಂಬಳ, ಉಳಿದ ರಜೆಯ ಹಣ. ಕಂಪನಿಯ ಲೆಕ್ಕ ನಿಮ್ಮದಕ್ಕೆ ತಾಳೆಯಾಗದಿದ್ದರೆ ಮೇಲ್‌ನಲ್ಲೇ ಕೇಳಿ. ಬಾಯಲ್ಲಿ ಕೇಳಿದ್ದಕ್ಕೆ ಪುರಾವೆ ಇರುವುದಿಲ್ಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದ ಮೇಲೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. "ಮುಂದಿನ ತಿಂಗಳು ನೋಡೋಣ" ಅಂದರೆ ಈ ಮಾತು ನೆನಪಿಸಿ.

3. ಆರೋಗ್ಯ ವಿಮೆ

ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ದಿನದ ಜೊತೆಗೇ ಮುಗಿಯುತ್ತದೆ. ಅಪ್ಪ ಅಮ್ಮನ ಹೆಸರೂ ಅದರಲ್ಲೇ ಇದ್ದರೆ ಅವರದೂ ಮುಗಿಯಿತು. ಅದೇ ವಿಮಾ ಕಂಪನಿಯಲ್ಲಿ ನಿಮ್ಮ ಹೆಸರಿನ ಪಾಲಿಸಿಗೆ ಬದಲಾಯಿಸಿಕೊಡಿ ಅಂತ ಕೊನೆಯ ದಿನಕ್ಕೆ ಮೊದಲೇ ಅರ್ಜಿ ಕೊಡಿ. ಮೊದಲೇ ಇರುವ ಬಿಪಿ, ಶುಗರ್‌ನಂಥ ಕಾಯಿಲೆಗೆ ವಿಮೆ ಸಿಗಲು ಕಾಯಬೇಕಾದ ಅವಧಿಯಲ್ಲಿ ಆಗಲೇ ಕಳೆದದ್ದು ಲೆಕ್ಕಕ್ಕೆ ಬರುತ್ತದೆ. ಪಾಲಿಸಿ ನಿಂತ ಮೇಲೆ ಹೋದರೆ ಮೊದಲಿನಿಂದ ಕಾಯಬೇಕಾದೀತು. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಯ ಕಂತಿಗೆ ಜಿಎಸ್‌ಟಿ ಇಲ್ಲ. ಎಷ್ಟೇ ಕಷ್ಟ ಇದ್ದರೂ ಈ ಖರ್ಚು ಉಳಿಸಲು ಹೋಗಬೇಡಿ.

4. ಮನೆಯಲ್ಲಿ ಹೇಳಿ

ಅವತ್ತೇ ರಾತ್ರಿ ಹೇಳಿ. ನಾನು ಸೆಟಲ್‌ಮೆಂಟ್ ಮಾಡಿಕೊಟ್ಟ ಒಬ್ಬರು ಏಳು ವಾರ ಮನೆಯಲ್ಲಿ ಹೇಳಿರಲಿಲ್ಲ. ದಿನಾ 8 ಗಂಟೆಗೆ ಊಟದ ಡಬ್ಬಿ ತೆಗೆದುಕೊಂಡು, ಕೊರಳಿಗೆ ಕಂಪನಿಯ ಖಾಲಿ ಟ್ಯಾಗ್ ಹಾಕಿಕೊಂಡು ಹೊರಡುತ್ತಿದ್ದರಂತೆ. ಕಾರ್ಡ್ ವಾಪಸ್ ಕೊಟ್ಟಾಗಿತ್ತು, ದಾರ ಮಾತ್ರ ಉಳಿದಿತ್ತು. ಸಂಜೆವರೆಗೂ ಲಾಲ್‌ಬಾಗ್‌ನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಆ ಏಳು ವಾರ ಮನೆಯ ಖರ್ಚು ಮೊದಲಿನ ಹಾಗೇ ನಡೆಯಿತು. ಮನೆಯವರಿಗೆ ಗೊತ್ತೇ ಇಲ್ಲದ ಮೇಲೆ ಅವರು ಖರ್ಚು ಕಡಿಮೆ ಮಾಡುವುದು ಹೇಗೆ?

ಅವರು ಕೊನೆಗೆ ಬಾಯಿಬಿಟ್ಟಾಗ, ನಿವೃತ್ತರಾಗಿದ್ದ ಅವರ ತಂದೆ ಕೇಳಿದ್ದು ಒಂದೇ ಪ್ರಶ್ನೆ: "ಇರೋ ದುಡ್ಡು ಎಷ್ಟು ತಿಂಗಳಿಗೆ ಬರತ್ತೆ?" ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಮುಂದಿನ ಹೆಜ್ಜೆ. ಎಲ್ಲರೂ ಎಡವುವುದು ಇಲ್ಲಿ. ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇನೆ.

5. ಇಡುಗಂಟನ್ನು ಸಂಬಳ ಮಾಡಿ

ಒಂದು 200 ಪುಟದ ಉದ್ದನೆಯ ನೋಟ್‌ಬುಕ್ ತನ್ನಿ. ಮೊಬೈಲ್ ಆ್ಯಪ್ ಬೇಡ. ಆ್ಯಪ್ ನಿಮ್ಮ ಫೋನಿನಲ್ಲಿ ಮಾತ್ರ ಇರುತ್ತದೆ, ನೋಟ್‌ಬುಕ್ ಊಟದ ಮೇಜಿನ ಮೇಲಿದ್ದರೆ ಎಲ್ಲರೂ ನೋಡುತ್ತಾರೆ. ಗಂಡ ಹೆಂಡತಿ ಇಬ್ಬರೂ ಕೂತು ಬರೆಯಬೇಕು. ಅಕ್ಕಿ ಬೇಳೆ, ಹಾಲು, ಗ್ಯಾಸ್ ಯಾವ ಲೆಕ್ಕದಲ್ಲಿ ಹೋಗುತ್ತದೆ ಅಂತ ಒಬ್ಬರಿಗೇ ಗೊತ್ತಿರುತ್ತದೆ.

ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಳ್ಳಿ. ಅಂದಾಜಿನಲ್ಲಿ ಬರೆದರೆ ಖರ್ಚು ಯಾವಾಗಲೂ ಕಡಿಮೆ ಕಾಣುತ್ತದೆ. ಎಡಗಡೆ ಪುಟದಲ್ಲಿ ಪ್ರತಿ ತಿಂಗಳ ಖರ್ಚು: ಕಂತುಗಳು, ಬಾಡಿಗೆ ಅಥವಾ ಮೇಂಟೆನೆನ್ಸ್, ಕರೆಂಟು, ನೀರು, ದಿನಸಿ, ಸ್ಕೂಲ್ ವ್ಯಾನ್, ಮನೆಗೆಲಸದವರ ಸಂಬಳ, ಅಪ್ಪ ಅಮ್ಮನ ಮಾತ್ರೆ, ನಡೆಯುತ್ತಿರುವ ಚೀಟಿ. ಬಲಗಡೆ ಪುಟದಲ್ಲಿ ವರ್ಷಕ್ಕೊಮ್ಮೆ ಬರುವವು: ಸ್ಕೂಲ್ ಫೀಸು, ಆಸ್ತಿ ತೆರಿಗೆ, ಗಾಡಿ ವಿಮೆ, ಗೌರಿ ಹಬ್ಬದ ಬಾಗಿನ, ದೀಪಾವಳಿ ಬಟ್ಟೆ, ಮದುವೆಗಳ ಮುಯ್ಯಿ. ಬಲಗಡೆಯದನ್ನೆಲ್ಲ ಕೂಡಿ 12ರಿಂದ ಭಾಗಿಸಿ ಎಡಗಡೆಗೆ ಸೇರಿಸಿ. ಈ ಬಲಗಡೆ ಪುಟವನ್ನೇ ಜನ ಮರೆಯುತ್ತಾರೆ. ಮೇ ಕೊನೆಯಲ್ಲಿ ಸ್ಕೂಲಿನಿಂದ ಮೆಸೇಜ್ ಬಂದಾಗ ಎದೆ ಧಸಕ್ ಅನ್ನುತ್ತದೆ.

ಈಗ ಒಂದು ಉದಾಹರಣೆ. ಸೆಟಲ್‌ಮೆಂಟ್ ಹಣ, ತೆರಿಗೆ ಕಳೆದು, 6,30,000. ಮೊದಲಿನ ಉಳಿತಾಯ 1,50,000. ಒಟ್ಟು 7,80,000. ತಿಂಗಳ ಖರ್ಚು 92,000 ಇತ್ತು ಅಂದುಕೊಳ್ಳಿ. ಹಾಗೇ ನಡೆದರೆ ಎಂಟೂವರೆ ತಿಂಗಳಿಗೆ ಮುಗಿಯುತ್ತದೆ. ಕೂತು ಕಡಿಮೆ ಮಾಡಿ 65,000ಕ್ಕೆ ತಂದರೆ ಸರಿಯಾಗಿ 12 ತಿಂಗಳು ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಮೊದಲು ಹಾಸಿಗೆ ಅಳೆಯಬೇಕಲ್ವಾ?

ಅಳೆದ ಮೇಲೆ ಬ್ಯಾಂಕಿಗೆ ಹೋಗಿ ಹೀಗೆ ಮಾಡಿ. ಎರಡು ತಿಂಗಳ ಖರ್ಚು, ಅಂದರೆ 1,30,000, ಉಳಿತಾಯ ಖಾತೆಯಲ್ಲೇ ಇರಲಿ. ಉಳಿದ 6,50,000ವನ್ನು 65,000ದ ಹತ್ತು ಎಫ್‌ಡಿ ಮಾಡಿ. ಒಂದೇ ದೊಡ್ಡ ಎಫ್‌ಡಿ ಮಾಡಬೇಡಿ. ಮೊದಲನೆಯದು 2 ತಿಂಗಳಿಗೆ, ಎರಡನೆಯದು 3 ತಿಂಗಳಿಗೆ, ಹೀಗೇ ಹತ್ತನೆಯದು 11 ತಿಂಗಳಿಗೆ. ಪ್ರತಿ ತಿಂಗಳು ಒಂದು ಎಫ್‌ಡಿ ಮುಗಿದು ಖಾತೆಗೆ ಬೀಳುತ್ತದೆ. ಫಾರ್ಮಿನಲ್ಲಿ 'ತಾನಾಗಿ ನವೀಕರಣ' ಅನ್ನುವ ಜಾಗಕ್ಕೆ ಟಿಕ್ ಹಾಕಬೇಡಿ, ಹಾಕಿದರೆ ಹಣ ಖಾತೆಗೆ ಬರದೆ ಮತ್ತೆ ಠೇವಣಿ ಆಗಿಬಿಡುತ್ತದೆ. ಕೌಂಟರಿನವರು "ಸರ್, ಒಂದೇ ಮಾಡಿ, ಬಡ್ಡಿ ಜಾಸ್ತಿ" ಅನ್ನಬಹುದು. ಬಡ್ಡಿ ಒಂದಿಷ್ಟು ಕಡಿಮೆ ಆದರೂ ಪರವಾಗಿಲ್ಲ. ಖಾತೆಯಲ್ಲಿ 7,80,000 ಕಂಡರೆ ಕೈ ಸಲೀಸಾಗಿ ಹೋಗುತ್ತದೆ. 65,000 ಕಂಡರೆ ತಿಂಗಳ ಕೊನೆ ನೆನಪಿರುತ್ತದೆ.

ಹಣವನ್ನು ಎರಡು ಬ್ಯಾಂಕಿಗೆ ಹಂಚಿ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ ವಿಮೆ ಇದೆ. ಹೆಚ್ಚು ಬಡ್ಡಿ ಕೊಡುತ್ತಾರೆ ಅಂತ ಎಲ್ಲವನ್ನೂ ಒಂದೇ ಸಹಕಾರ ಬ್ಯಾಂಕಿಗೆ ಹಾಕುವವರು ಇದನ್ನು ಮರೆಯಬಾರದು.

ಸಾಲಗಳ ವಿಷಯದಲ್ಲಿ ನನ್ನ ಮಾತು ಖಚಿತ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಎಫ್‌ಡಿ ಮಾಡುವ ಮೊದಲೇ ಪೂರ್ತಿ ತೀರಿಸಿ. ಅದರ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೇ ಶೇ 3ಕ್ಕಿಂತ ಮೇಲೆ ಇರುತ್ತದೆ. ಮನೆ ಸಾಲಕ್ಕೆ ಮುಂಗಡ ಕಟ್ಟಬೇಡಿ, ಕಂತು ಮಾತ್ರ ತಪ್ಪಿಸಬೇಡಿ. ಕಷ್ಟ ಕಾಣುತ್ತಿದ್ದರೆ ಮೊದಲೇ ಶಾಖೆಗೆ ಹೋಗಿ ಮಾತಾಡಿ. 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ, ಆಮೇಲೆ ಮಾತಿಗೆ ಬೆಲೆ ಕಡಿಮೆ. ಕಾರಿನ ಕಂತು ದೊಡ್ಡದಿದ್ದರೆ ಮೊದಲ ತಿಂಗಳೇ ಕಾರು ಮಾರಿ. ಆರನೇ ತಿಂಗಳು ಮಾರುವವರಿಗೆ ಆರು ಕಂತೂ ಹೋಗುತ್ತದೆ, ಅವಸರಕ್ಕೆ ಬೆಲೆಯೂ ಇಳಿಯುತ್ತದೆ. ದಿನಸಿ ತರಲು ಒಡವೆ ಅಡವಿಡುವ ಸ್ಥಿತಿಗೆ ಹೋಗಲೇಬೇಡಿ.

ಪಿಎಫ್ ಮುಟ್ಟಬೇಡಿ. ಆ ಖಾತೆಗೆ 2024-25ರಲ್ಲಿ ಶೇ 8.25 ಬಡ್ಡಿ ಸಿಕ್ಕಿದೆ. ಒಟ್ಟು 5 ವರ್ಷ ಸೇವೆ ಆಗುವ ಮೊದಲು ತೆಗೆದರೆ ತೆರಿಗೆಯೂ ಬೀಳುತ್ತದೆ. ಕೆಲಸ ಹೋದವರು ಶೇ 75ರಷ್ಟನ್ನು ತಕ್ಷಣ, ಉಳಿದದ್ದನ್ನು 12 ತಿಂಗಳ ನಂತರ ತೆಗೆಯಬಹುದು ಅಂತ 2025ರ ಅಕ್ಟೋಬರ್‌ನಲ್ಲಿ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಮಂಡಳಿ ತೀರ್ಮಾನಿಸಿದೆ. ತೆಗೆಯಬಹುದು ಅಂದ ಮಾತ್ರಕ್ಕೆ ತೆಗೆಯಲೇಬೇಕು ಅಂತಿಲ್ಲ. ಹತ್ತನೇ ಎಫ್‌ಡಿಯೂ ಮುಗಿದ ಮೇಲೆ ನೋಡಿದರಾಯಿತು.

6. ಫೋನ್ ಮಾಡುವವರಿಗೆ "ಬೇಡ" ಅನ್ನಿ

ಇಡುಗಂಟು ಖಾತೆಗೆ ಬಿದ್ದ ವಾರದಲ್ಲೇ ಬ್ಯಾಂಕಿನಿಂದ ಫೋನ್ ಬರಬಹುದು. "ಎಫ್‌ಡಿಗಿಂತ ಒಳ್ಳೇದು ಇದೆ" ಅಂತ ಯುಲಿಪ್ ಪಾಲಿಸಿ, ಅಂದರೆ ವಿಮೆಯೂ ಹೂಡಿಕೆಯೂ ಸೇರಿದ ಪಾಲಿಸಿ, ತಲೆಗೆ ಕಟ್ಟುತ್ತಾರೆ. ಅದರಲ್ಲಿ ಹಣ 5 ವರ್ಷ ಸಿಕ್ಕಿಹಾಕಿಕೊಳ್ಳುತ್ತದೆ. ಆಗಲೇ ಸಹಿ ಹಾಕಿದ್ದರೆ ಗಾಬರಿ ಬೇಡ, ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸ್ ಮಾಡಬಹುದು.

ಹಗಲು ಹೊತ್ತು ಸಿಕ್ಕಿತು ಅಂತ ಷೇರುಪೇಟೆಯ ಎಫ್ ಆ್ಯಂಡ್ ಒಗೆ (ಮುಂದೆ ಬೆಲೆ ಏರುತ್ತದೋ ಇಳಿಯುತ್ತದೋ ಅಂತ ಹಣ ಕಟ್ಟುವ ವ್ಯವಹಾರ) ಕೈಹಾಕುವ ಹುಡುಗರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. 2021-22ರಿಂದ ಮೂರು ವರ್ಷದಲ್ಲಿ ಅದರಲ್ಲಿ ಆಡಿದ ಸಾಮಾನ್ಯ ಜನರಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡರು ಅಂತ ಷೇರುಪೇಟೆಯ ನಿಯಂತ್ರಕ ಸೆಬಿಯೇ ಹೇಳಿದೆ. ಕೆಲಸ ಕೊಡಿಸುತ್ತೇವೆ ಅಂತ ಮುಂಗಡ ಕೇಳುವವರು, ಲಕ್ಷಗಟ್ಟಲೆ ಫೀಸಿಗೆ ಸಾಲ ಮಾಡಿಸಿ ಕೋರ್ಸ್ ಮಾರುವವರು, ಇವರಿಗೂ ಬಾಗಿಲು ಹಾಕಿ. ಹೋಟೆಲ್ ಇಡುವ ಆಸೆ ಇದ್ದರೆ ಮೊದಲು ಆರು ತಿಂಗಳು ಇನ್ನೊಬ್ಬರ ಹೋಟೆಲಿನಲ್ಲಿ ಕೆಲಸ ಮಾಡಿ.

7. ಕೆಲಸ ಹುಡುಕಿ

ಇದು ನಿಮಗೆ ಗೊತ್ತಿರುವುದೇ. ದಿನಕ್ಕೆ ನಾಲ್ಕು ಗಂಟೆ ಸಾಕು, ಉಳಿದ ಹೊತ್ತು ಮನೆಯವರ ಜೊತೆ ಇರಿ.

8. ಕಡಿಮೆ ಸಂಬಳದ ಕೆಲಸ ಬಂದರೆ

ನಮ್ಮ ಅಪ್ಪಂದಿರ ಕಾಲದಲ್ಲಿ ಜಾಲಹಳ್ಳಿ ಕಡೆ ಸೈರನ್ ಕೂಗಿದರೆ ಹೊತ್ತು ಗೊತ್ತಾಗುತ್ತಿತ್ತು. ಎಚ್‌ಎಂಟಿ, ಐಟಿಐ, ಬಿಇಎಲ್‌ನಂಥ ಸರ್ಕಾರಿ ಕಾರ್ಖಾನೆ ಸೇರಿದರೆ ನಿವೃತ್ತಿವರೆಗೆ ಚಿಂತೆ ಇಲ್ಲ ಅಂತ ಹೆಣ್ಣು ಕೊಡುತ್ತಿದ್ದರು. 2001ರಲ್ಲಿ ಕೋಲಾರದ ಚಿನ್ನದ ಗಣಿ ನಿಂತಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಆ ಭರವಸೆಯನ್ನು ನಾವು ಎತ್ತಿ ಸಾಫ್ಟ್‌ವೇರ್ ಮೇಲೆ ಇಟ್ಟೆವು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿದಾಗ ನಮ್ಮ ಬೀದಿಯಲ್ಲಿ ಅದೇ ಮಾತು. ಅಲ್ಲಿ ಕೆಲಸ ಸಿಕ್ಕರೆ ಸರ್ಕಾರಿ ನೌಕರಿ ಇದ್ದ ಹಾಗೆ ಅಂದುಕೊಂಡಿದ್ದವರು ನಾವು.

ಕೆಲಸ ಹೋದವರು ನನ್ನ ಮುಂದೆ ಕೂತು ಅತ್ತದ್ದು ಹಣಕ್ಕಾಗಿ ಕಡಿಮೆ. "ಯಾರಾದರೂ ಎಲ್ಲಿ ಕೆಲಸ ಅಂತ ಕೇಳಿದರೆ ಏನು ಹೇಳಲಿ ಸರ್?" ಅಂತ ಕೇಳಿದವರೇ ಜಾಸ್ತಿ. ಕಂಪನಿ ಹೆಸರು ಹೇಳುವ ಬದಲು ನಿಮ್ಮ ಕೈಗೆ ಬರುವ ಕೆಲಸ ಹೇಳಿ. "ಟೆಸ್ಟಿಂಗ್ ಮಾಡ್ತೀನಿ, ಈಗ ಹೊಸ ಜಾಗ ಹುಡುಕ್ತಿದೀನಿ" ಅನ್ನಿ. ಮೊದಲ ಸಲ ಗಂಟಲು ಕಟ್ಟುತ್ತದೆ, ಮೂರನೇ ಸಲಕ್ಕೆ ಸರಿಹೋಗುತ್ತದೆ. ಹಾಗೆ ಹೇಳಿದ್ದರಿಂದಲೇ ಮದುವೆ ಮನೆಯಲ್ಲಿ ಪಕ್ಕ ಕೂತವರಿಂದ ಕೆಲಸ ಸಿಕ್ಕವರು ನನಗೆ ಗೊತ್ತು.

1,40,000 ತೆಗೆದುಕೊಳ್ಳುತ್ತಿದ್ದವರಿಗೆ 90,000ದ ಕೆಲಸ ಬಂತು ಅಂದುಕೊಳ್ಳಿ. "ಇಷ್ಟು ಇಳಿಯೋದಾ?" ಅನಿಸುವುದು ಸಹಜ. ಆಗ ನೋಟ್‌ಬುಕ್ ತೆಗೆಯಿರಿ. ಅದರಲ್ಲಿರುವುದು 65,000. ಮನೆಗೆ ಬೇಕಾದ್ದು ಅಷ್ಟೇ ಅಂತ ನೀವೇ ನಿಮ್ಮ ಕೈಯಿಂದ ಬರೆದಿದ್ದೀರಿ. 90,000ಕ್ಕೆ ಹೋಗಿ. ಅಲ್ಲಿದ್ದುಕೊಂಡೇ ಇನ್ನೊಂದು ಹುಡುಕಬಹುದು. ಮುಂದೆ ಸಂಬಳ ಏರಿದರೂ ಎಲ್ಲಾ ಕಂತು ಸೇರಿ ಸಂಬಳದ ಮೂರನೇ ಒಂದು ಭಾಗ ದಾಟದಿರಲಿ. ಇದನ್ನು ಮಾತ್ರ ನಾನು ನಮ್ಮ ಮನೆಯಲ್ಲಿ ಯಾರಿಗೂ ಸಡಿಲ ಬಿಟ್ಟಿಲ್ಲ.

9. ಹೊಸ ಕೆಲಸ ಸೇರಿದ ದಿನ

ಹಳೆಯ ಯುಎಎನ್ ನಂಬರೇ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಕೊಟ್ಟು ಪಿಎಫ್ ವರ್ಗ ಮಾಡಿಸಿ. ಹಳೇ ಕಂಪನಿ ಕೊನೆಯ ದಿನಾಂಕ ಹಾಕಿಲ್ಲದಿದ್ದರೆ, ಕೊನೆಯ ಪಿಎಫ್ ಕಂತು ಬಂದು ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ವರ್ಷದ ನಡುವೆ ಸಂಬಳ ನಿಂತಿದ್ದರಿಂದ ತೆರಿಗೆ ಜಾಸ್ತಿ ಮುರಿದಿರುವ ಸಾಧ್ಯತೆ ಇದೆ. ಎರಡೂ ಕಂಪನಿಯ ಫಾರ್ಮ್ 16 ಇಟ್ಟುಕೊಂಡು ರಿಟರ್ನ್ ಸಲ್ಲಿಸಿ, ಹೆಚ್ಚಾಗಿದ್ದರೆ ವಾಪಸ್ ಬರುತ್ತದೆ. ಇನ್ನೂ ಮುಗಿಯದ ಎಫ್‌ಡಿಗಳು ಉಳಿದಿದ್ದರೆ ಅವನ್ನು ಮುರಿಯಬೇಡಿ. ಮುಗಿದ ಹಾಗೇ ಒಂದೊಂದನ್ನು ಒಂದೊಂದು ವರ್ಷಕ್ಕೆ ಮತ್ತೆ ಹಾಕುತ್ತಾ ಹೋಗಿ. ನೋಟ್‌ಬುಕ್‌ನಲ್ಲಿ ಹೊಸ ಪುಟ ತೆಗೆದು, ಮೊದಲ ಸಂಬಳದ ತಾರೀಖು ಬರೆದು, ಅದೇ ಮೇಜಿನ ಮೇಲೆ ಇಡಿ.