ಹರ್‌-2 ಎದುರು ‘2 ಪ್ಲಸ್’ ಬಂದರೆ ಮುಂದೇನು?

ಸ್ತನ ಕ್ಯಾನ್ಸರಿನ ಬಯಾಪ್ಸಿ ರಿಪೋರ್ಟ್ ಬಂದಾಗ ಮನೆಯವರು ಮೊದಲು ಹುಡುಕುವುದು ಒಂದನ್ನೇ: ಯಾವ ಸ್ಟೇಜು? ನಮ್ಮ ಅತ್ತಿಗೆಯ ರಿಪೋರ್ಟ್ ಬಂದಾಗ ನಾವೂ ಅದನ್ನೇ ಹುಡುಕಿದೆವು. ಹರ್‌-2 (ಕೋಶದ ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನು) ಎದುರು ‘2 ಪ್ಲಸ್’ ಅಂತ ಇತ್ತು. ಮೂರಕ್ಕಿಂತ ಕಡಿಮೆ ತಾನೇ ಅಂದುಕೊಂಡು ಫೈಲಿಗೆ ಸೇರಿಸಿದೆವು. ಮೂರು ವಾರ ಸುಮ್ನೆ ಹೋಯಿತು. ಆಮೇಲೆ ದಾವಣಗೆರೆ, ಹರಿಹರ, ಜಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ತಪ್ಪು ಕಂಡಿದ್ದೇನೆ.

ಮೊದಲು ಐಎಚ್‌ಸಿ (ಗಡ್ಡೆಯ ಚೂರಿಗೆ ಬಣ್ಣ ಹಾಕಿ ಪ್ರೋಟೀನ್ ಗುರುತಿಸುವ ಪರೀಕ್ಷೆ) ಅಂತ ಬರೆದ ಹಾಳೆ ತೆಗೆಯಿರಿ. ಅದು ಸಾಮಾನ್ಯವಾಗಿ ಬಯಾಪ್ಸಿ ರಿಪೋರ್ಟ್ ಬಂದ ಕೆಲವು ದಿನಕ್ಕೆ ಬೇರೆಯಾಗಿ ಬರುತ್ತದೆ.

ಎರಡನೆಯದು, ಇಆರ್ ಮತ್ತು ಪಿಆರ್, ಅಂದರೆ ಹಾರ್ಮೋನನ್ನು ಹಿಡಿಯುವ ಪ್ರೋಟೀನುಗಳು. ಶೇ 1 ಅಥವಾ ಜಾಸ್ತಿ ಇದ್ದರೆ ಪಾಸಿಟಿವ್. ಆಗ ಹಾರ್ಮೋನ್ ತಡೆಯುವ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ.

ಮೂರನೆಯದು ಹರ್‌-2. ಎಲ್ಲರೂ ಎಡವುವುದು ಇಲ್ಲೇ. ಸಾಮಾನ್ಯ ಜೀವಕೋಶದಲ್ಲಿ ಈ ಜೀನಿನ ಎರಡು ಪ್ರತಿ ಇರುತ್ತವೆ. ಅವು ಕೋಶದ ಹೊರಮೈಗೆ ‘ಬೆಳೆ’ ಎಂಬ ಸಂಕೇತ ಹಿಡಿಯುವ ಪ್ರೋಟೀನ್ ಒದಗಿಸುತ್ತವೆ. ಕೆಲವು ಗಡ್ಡೆಗಳಲ್ಲಿ ಜೀನಿನ ಪ್ರತಿಗಳು ವಿಪರೀತ ಹೆಚ್ಚುತ್ತವೆ. ಭದ್ರಾ ನಾಲೆಯ ನೀರು ಹಾಯಿಸುವವರಿಗೆ ಇದು ಬೇಗ ತಿಳಿಯುತ್ತದೆ. ಒಂದು ತೂಬಿನ ನೀರು ಗದ್ದೆಗೆ ಸಾಕು. ಹತ್ತು ತೂಬು ಒಟ್ಟಿಗೆ ತೆರೆದರೆ ಬದು ಒಡೆದು ಪಕ್ಕದ ಗದ್ದೆಗೂ ನುಗ್ಗುತ್ತದೆ, ಅಲ್ವಾ? ಹಾಗೆಯೇ ಸಂಕೇತ ಜಾಸ್ತಿಯಾದರೆ ಕೋಶ ಬಿಡುವಿಲ್ಲದೆ ಒಂದು ಎರಡಾಗಿ ಹೆಚ್ಚುತ್ತದೆ, ಸಾಯುವುದಿಲ್ಲ, ಅಕ್ಕಪಕ್ಕದ ಕೋಶಗಳ ಹಿಡಿತ ಬಿಟ್ಟು ಕಂಕುಳಿನ ಗಂಟುಗಳಿಗೆ, ಮೂಳೆಗೆ, ಲಿವರಿಗೆ, ಮೆದುಳಿಗೆ ಹೋಗಬಲ್ಲದು.

ಐಎಚ್‌ಸಿಯಲ್ಲಿ ಈ ಪ್ರೋಟೀನಿಗೆ 3 ಪ್ಲಸ್ ಬಂದರೆ ಪಾಸಿಟಿವ್. 0 ಮತ್ತು 1 ಪ್ಲಸ್ ಅಂದರೆ ನೆಗೆಟಿವ್. ಆದರೂ 1 ಪ್ಲಸ್ ಅನ್ನು ಬರೆದಿಟ್ಟುಕೊಳ್ಳಿ, ರೋಗ ಹರಡಿದವರಲ್ಲಿ ಈಗ ಇದಕ್ಕೂ ಔಷಧಿ ಇದೆ. 2 ಪ್ಲಸ್ ಅಂದರೆ ಇನ್ನೂ ತೀರ್ಮಾನವಾಗಿಲ್ಲ ಅಂತ. ಆಗ ಫಿಶ್ ಟೆಸ್ಟ್ ಬೇಕೇ ಬೇಕು. ಅದು ಜೀನಿನ ಪ್ರತಿಗಳನ್ನೇ ಎಣಿಸುತ್ತದೆ. ಹಿಂದಿನ ಬಯಾಪ್ಸಿಯ ಚೂರೇ ಸಾಮಾನ್ಯವಾಗಿ ಸಾಕಾಗುತ್ತದೆ. ಅತ್ತಿಗೆಗೆ ‘ಆಂಪ್ಲಿಫೈಡ್’, ಅಂದರೆ ಪ್ರತಿಗಳು ಹೆಚ್ಚಾಗಿವೆ ಅಂತ ಬಂತು, ಟ್ರಾಸ್ಟುಜುಮಾಬ್ ಶುರುವಾಯಿತು. 1998ರಿಂದ ಬಳಕೆಯಲ್ಲಿರುವ ಈ ಔಷಧಿ ಆ ಪ್ರೋಟೀನಿಗೇ ಅಂಟಿಕೊಂಡು ಸಂಕೇತ ತಡೆಯುತ್ತದೆ. ಶುರುವಾಗುವ ಮುಂಚೆ ಹೃದಯದ ಎಕೋ ಮಾಡಿಸಲೇಬೇಕು.

ಜೀನ್ ಅಂದ ಕೂಡಲೇ ಹೆಣ್ಣುಮಕ್ಕಳಿಗೂ ಬರುತ್ತದೆಂದು ಹೆದರಬೇಡಿ. ಹರ್‌-2 ಹೆಚ್ಚಾಗುವುದು ಗಡ್ಡೆಯೊಳಗೆ ಮಾತ್ರ, ಅದು ವಂಶದಲ್ಲಿ ಇಳಿಯುವುದಿಲ್ಲ. ವಂಶದಲ್ಲಿ ಬರುವ ಬಿಆರ್‌ಸಿಎ ಬೇರೆ ಜೀನು, ಅದಕ್ಕೆ ಬೇರೆ ರಕ್ತಪರೀಕ್ಷೆ ಇದೆ. ‘ಜೀನ್ ಸರಿ ಮಾಡುವ ಪುಡಿ’ ಅಂತ ಯಾರಾದರೂ ತಂದರೆ ದುಡ್ಡು ಕೊಡಬೇಡಿ. ಯಾವ ಪುಡಿಯೂ ಜೀನಿನ ಪ್ರತಿ ಕಡಿಮೆ ಮಾಡುವುದಿಲ್ಲ.

ಕೊನೆಯದು, ಚೂರಿನ ಜೋಪಾನ. ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಅದು ಫಾರ್ಮಲಿನ್‌ಗೆ (ಚೂರು ಕೆಡದಂತೆ ಇಡುವ ದ್ರವ) ಬೀಳಬೇಕು. ಸಲೈನ್ ಬಾಟಲಿಯಲ್ಲಿ ಕೊಟ್ಟರೆ ಒಪ್ಪಬೇಡಿ, ಫಲಿತಾಂಶವೇ ಕೆಡುತ್ತದೆ. ಬೆಂಗಳೂರಿಗೆ ಹೋಗುವಾಗ ರಿಪೋರ್ಟಿನ ಫೋಟೊ ಸಾಲದು. ಗಡ್ಡೆಯ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಕೇಳಿ ಪಡೆಯಿರಿ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬ್ಲಾಕ್ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ಕೈಚೀಲದಲ್ಲಿ, ನಿಮ್ಮ ಹತ್ತಿರವೇ ಇರಲಿ.