ಹಳೇ ಸಾಕೆಟ್, ಸೆಕೆಂಡ್ ಹ್ಯಾಂಡ್ ಕಾರ್ಡ್: ನನ್ನ ಗೇಮಿಂಗ್ ಪಿಸಿಯ ಲೆಕ್ಕಾಚಾರ

ಎಎಂಡಿ ಪ್ರೊಸೆಸರ್‌ಗಳ ಹಳೇ ಸಾಕೆಟ್ ಎಎಂ4 ಇರುವ ಬೋರ್ಡ್ ಮೇಲೆ ಹೊಸ ಪಿಸಿ ಕಟ್ಟುತ್ತೇನೆ ಅಂದಾಗ ಜೊತೆಗೆ ಆಡುವವರಲ್ಲಿ ಒಬ್ಬನೂ ಒಪ್ಪಲಿಲ್ಲ. "ಸತ್ತ ಸಾಕೆಟ್‌ಗೆ ಯಾಕೋ ದುಡ್ಡು ಸುರೀತೀಯಾ?" ಅಂದರು. ಗ್ರಾಫಿಕ್ಸ್ ಕಾರ್ಡ್ ಕೂಡ ಸೆಕೆಂಡ್ ಹ್ಯಾಂಡ್ ಅಂದ ಮೇಲೆ ನನ್ನನ್ನು ಕೈಬಿಟ್ಟರು. ಈಗ ಅದೇ ಪಿಸಿ ನಾನು ಆಡುವ ಗೇಮ್‌ಗಳನ್ನೆಲ್ಲ 1440ಪಿ ರೆಸಲ್ಯೂಷನ್‌ನಲ್ಲಿ ಸೆಕೆಂಡಿಗೆ 80ರಿಂದ 100 ಫ್ರೇಮ್‌ಗೆ ಓಡಿಸುತ್ತಿದೆ. ಅಂದು ನಕ್ಕವರೇ ಪಾರ್ಟ್ಸ್ ಪಟ್ಟಿ ಕೇಳುತ್ತಿದ್ದಾರೆ. ಪಟ್ಟಿ ಕೊಡುವುದೇನೂ ದೊಡ್ಡದಲ್ಲ, ಅದು ಹೇಗೆ ಬಂತು ಅನ್ನುವುದೇ ಮುಖ್ಯ. ಜೋಡಿಸುವುದು, ಪೇಸ್ಟ್ ಹಚ್ಚುವುದು, ವಿಂಡೋಸ್ ಹಾಕುವುದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಮೊದಲು ದುಡ್ಡಿನ ಮಾತು. ಡಬ್ಬದ ಒಟ್ಟು ಖರ್ಚು ನೂರು ಅಂತ ಇಟ್ಟುಕೊಳ್ಳಿ, ಮಾನಿಟರ್ ಬೇರೆ. ಗೆಳೆಯರು ಹೇಳಿದ ದಾರಿಯಲ್ಲಿ ಹೋಗಿದ್ದರೆ ಪ್ರೊಸೆಸರ್‌ಗೆ ಸುಮಾರು 25, ಹೊಸ ಸಾಕೆಟ್ ಎಎಂ5ರ ಬೋರ್ಡ್‌ಗೆ 18, ಡಿಡಿಆರ್5 ರ‍್ಯಾಮ್‌ಗೆ 12, ಲಿಕ್ವಿಡ್ ಕೂಲರ್‌ಗೆ 10 ಹೋಗುತ್ತಿತ್ತು. ಮಿಕ್ಕ ಸಾಮಾನನ್ನೂ ಕಳೆದರೆ ಗ್ರಾಫಿಕ್ಸ್ ಕಾರ್ಡ್‌ಗೆ ಉಳಿಯುತ್ತಿದ್ದದ್ದು 20ರ ಆಸುಪಾಸು. ಗೇಮ್ ಆಡಲು ಕಟ್ಟುವ ಪಿಸಿಯಲ್ಲಿ ಕಾರ್ಡ್‌ಗೆ ಐದರಲ್ಲಿ ಒಂದು ಪಾಲು! ನಾನು ಕೊನೆಗೆ ಹಾಕಿದ್ದು ಹೀಗೆ: ಕಾರ್ಡ್ 38, ಪ್ರೊಸೆಸರ್ 15, ಬೋರ್ಡ್ 12, ಎಸ್‌ಎಸ್‌ಡಿ 9, ಪವರ್ ಸಪ್ಲೈ 9, ರ‍್ಯಾಮ್ 8, ಕೇಸ್ 5, ಕೂಲರ್ ಮತ್ತು ಫ್ಯಾನ್ 4. ನೆನಪಿನಿಂದ ಹೇಳುತ್ತಿದ್ದೇನೆ, ಒಂದೆರಡು ಆಚೀಚೆ ಇರಬಹುದು.

ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನಾನು ಮಾನಿಟರ್‌ನಿಂದ ಹಿಂದಕ್ಕೆ ಬಂದೆ. ನನ್ನದು 1440ಪಿ, 165 ಹರ್ಟ್ಸ್, ಫ್ರೀಸಿಂಕ್ (ಕಾರ್ಡ್ ಕೊಡುವ ಫ್ರೇಮ್‌ಗೆ ಪರದೆಯೇ ಹೊಂದಿಕೊಳ್ಳುವ ವ್ಯವಸ್ಥೆ) ಇರುವುದು. ನಾನು ಆಡುವುದು ಕಥೆ ಇರುವ ದೊಡ್ಡ ಓಪನ್ ವರ್ಲ್ಡ್ ಗೇಮ್‌ಗಳು, ನಡುವೆ ಒಂದೆರಡು ಶೂಟರ್. ಅಂಥದ್ದಕ್ಕೆ 90 ಫ್ರೇಮ್ ಸ್ಥಿರವಾಗಿ ಬಂದರೆ ಸಾಕು. ಹಾಗಾದರೆ ಪ್ರಶ್ನೆ ಸಣ್ಣದಾಯಿತು, ಅಲ್ವಾ? ನಾನು ಆಡುವ ಗೇಮ್‌ನ ಅತೀ ಭಾರದ ಜಾಗದಲ್ಲಿ ಯಾವ ಅಗ್ಗದ ಪ್ರೊಸೆಸರ್ 90 ಕೊಡುತ್ತದೆ? ಅದು ಸಿಕ್ಕರೆ ಮಿಕ್ಕಿದ್ದೆಲ್ಲ ಕಾರ್ಡ್‌ಗೆ.

ಇದಕ್ಕೆ ರಿವ್ಯೂ ವಿಡಿಯೊ ನೋಡಿ ಪ್ರಯೋಜನವಿಲ್ಲ. ಅವರು ಅಳೆಯುವ ಜಾಗ ಬೇರೆ, ನಾವು ಒದ್ದಾಡುವ ಜಾಗ ಬೇರೆ. ಒಬ್ಬ ಗೆಳೆಯನ ಹತ್ತಿರ ಎಎಂಡಿಯ ಪ್ರೊಸೆಸರ್ ರೈಜನ್ 5 5600 ಇತ್ತು, ಇನ್ನೊಬ್ಬನ ಹತ್ತಿರ 5700ಎಕ್ಸ್. ನನ್ನ ಸೇವ್ ಫೈಲ್ ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ ಇಬ್ಬರ ಮಷಿನ್‌ನಲ್ಲೂ ಓಡಿಸಿದೆ. ಕಾರ್ಡ್ ಅಡ್ಡ ಬರದಂತೆ ರೆಸಲ್ಯೂಷನ್ ಇರುವುದರಲ್ಲೇ ಕೆಳಗಿನದಕ್ಕೆ ಇಳಿಸಬೇಕು. ಆದರೆ ಜನಸಂದಣಿ, ಎಷ್ಟು ದೂರದವರೆಗೆ ಕಾಣಬೇಕು ಅನ್ನುವ ಸೆಟ್ಟಿಂಗ್, ನೆರಳು ಇವನ್ನು ಮುಟ್ಟಬಾರದು. ಪ್ರೊಸೆಸರ್ ಬೆನ್ನು ಮುರಿಯುವುದು ಇವೇ. ಎಲ್ಲಾ ಸೆಟ್ಟಿಂಗ್ ಲೋಗೆ ತಂದು ಅಳೆದರೆ ಬರುವ ಸಂಖ್ಯೆ ಸುಮ್ನೆ ಖುಷಿಗೆ. ಕಾರ್ಡ್ ಬಳಕೆ 95 ಶೇಕಡಕ್ಕಿಂತ ಸಾಕಷ್ಟು ಕೆಳಗೆ ಬಿತ್ತು ಅಂದರೆ ಈಗ ತಡೆಯುತ್ತಿರುವುದು ಪ್ರೊಸೆಸರ್ ಅಂತ ಅರ್ಥ.

ಊರಿನ ನಟ್ಟನಡುವೆ, ಜನ ತುಂಬಿದ ಸಂತೆಯಲ್ಲಿ ಕುದುರೆ ಓಡಿಸಿದೆ. 5600 ಸುಮಾರು 95 ಕೊಟ್ಟಿತು. ಬಯಲಿನಲ್ಲಿ 140 ದಾಟಿತು. ಎಂಟು ಕೋರ್‌ನ 5700ಎಕ್ಸ್ ಅದೇ ಸಂತೆಯಲ್ಲಿ ಎರಡೋ ಮೂರೋ ಫ್ರೇಮ್ ಜಾಸ್ತಿ. ಅಷ್ಟೇ. ಆ ಹೆಚ್ಚಿನ ಎರಡು ಕೋರ್‌ಗೆ ನಾನು ದುಡ್ಡು ಕೊಡುವುದಿಲ್ಲ ಅಂತ ಅಲ್ಲೇ ತೀರ್ಮಾನವಾಯಿತು.

ಇನ್ನೂ ಅಗ್ಗದ 5500 ಇದೆಯಲ್ಲ ಅಂತ ಕೇಳುತ್ತೀರಿ. ಹೆಸರಲ್ಲಿ ನೂರೇ ವ್ಯತ್ಯಾಸ, ಒಳಗೆ ಬೇರೆಯೇ ಚಿಪ್. ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ ಬದಲು 16. ಕಾರ್ಡ್ ಜೊತೆ ಮಾತಾಡುವ ಪಿಸಿಐಇ ದಾರಿ 4.0 ಬದಲು 3.0. ಒಂದು 5500 ಕೂಡ ಎರವಲು ಸಿಕ್ಕಿತ್ತು, ಅದೇ ಸಂತೆಯಲ್ಲಿ 80ರ ಹತ್ತಿರ ನಿಂತಿತು. ಉಳಿಯುತ್ತಿದ್ದದ್ದು ನೂರರಲ್ಲಿ ಮೂರು. ಬೇಡ. 5600ಜಿ ಕಥೆಯೂ ಇದೇ. ಒಳಗೇ ಗ್ರಾಫಿಕ್ಸ್ ಇದೆ ಅಂತ ಆಸೆಪಟ್ಟು ತಗೊಂಡು ಆಮೇಲೆ ಕಾರ್ಡ್ ಹಾಕುವವರು ಕ್ಯಾಶ್ ಅರ್ಧ ಕಳೆದುಕೊಂಡಿರುತ್ತಾರೆ.

"ಸತ್ತ ಸಾಕೆಟ್" ಅನ್ನುವ ಮಾತಿಗೂ ಒಂದು ಉತ್ತರ. ಎಎಂ5 ಬಂದದ್ದು 2022ರಲ್ಲಿ. ಆದರೂ ಎಎಂಡಿ 2024ರ ಜನವರಿಯಲ್ಲಿ ಎಎಂ4ಗೆ 5700ಎಕ್ಸ್3ಡಿ ಬಿಟ್ಟಿತು, 96 ಎಂಬಿ ಎಲ್3 ಇರುವುದು. ಸತ್ತದ್ದು ಇಷ್ಟು ಚೆನ್ನಾಗಿ ಓಡಾಡಿಕೊಂಡಿದ್ದರೆ ನನಗೆ ಅದೇ ಸಾಕು.

ಬೋರ್ಡ್ ವಿಷಯ ಬೇಗ ಮುಗಿಸುತ್ತೇನೆ. ಬಿ550 ಚಿಪ್‌ಸೆಟ್‌ನದ್ದು. ಎ520ಯಲ್ಲಿ ಪಿಸಿಐಇ 4.0 ಇಲ್ಲ. ಬಿ450ಯಲ್ಲೂ ಇಲ್ಲ. ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡುವ ವಿಆರ್‌ಎಂ ಮೇಲೆ ಹೀಟ್‌ಸಿಂಕ್, ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟ್, ಬೋರ್ಡ್‌ನ ಮೂಲ ಸಾಫ್ಟ್‌ವೇರ್ ಆದ ಬಯಾಸನ್ನು ಪೆನ್‌ಡ್ರೈವ್‌ನಿಂದಲೇ ಹೊಸದು ಮಾಡುವ ಫ್ಲ್ಯಾಶ್‌ಬ್ಯಾಕ್ ಬಟನ್ ಹಿಂದೆ. ಈ ಕೊನೆಯದಕ್ಕೆ ಒಂದು ಪಾಲು ಜಾಸ್ತಿ ಕೊಟ್ಟೆ. ಅದೇ ನನ್ನನ್ನು ಉಳಿಸಿತು. ಬಂದ ಬೋರ್ಡ್ ಹಳೇ ಸ್ಟಾಕ್. ಬಯಾಸ್ ಎಷ್ಟು ಹಳೆಯದೆಂದರೆ 5600 ಯಾರು ಅಂತಲೇ ಅದಕ್ಕೆ ಗೊತ್ತಿರಲಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಫ್ಯಾಟ್32 ಪೆನ್‌ಡ್ರೈವ್, ಫೈಲ್‌ಗೆ ಬೋರ್ಡ್ ಕೇಳುವ ಹೆಸರು, ಬಟನ್ ಒತ್ತಿ ಹಿಡಿದು ಕಾಯುವುದು. ಆ ಬಟನ್ ಇಲ್ಲದಿದ್ದರೆ ಹಳೇ ಪ್ರೊಸೆಸರ್ ಒಂದನ್ನು ಎಲ್ಲಿಂದಾದರೂ ಕೇಳಿ ತರಬೇಕಿತ್ತು.

ಈಗ ಕಾರ್ಡ್. ನಿಜವಾದ ಜಗಳ ನಡೆದದ್ದು ಇಲ್ಲಿ. ಎದುರಿಗೆ ಇದ್ದದ್ದು ಎರಡು. ಹೊಸ ಆರ್‌ಟಿಎಕ್ಸ್ 4060: 8 ಜಿಬಿ ಮೆಮೊರಿ, ಅದಕ್ಕೆ 128 ಬಿಟ್ ಅಗಲದ ದಾರಿ, ಕುಡಿಯುವುದು ಬರೀ 115 ವ್ಯಾಟ್. ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6700 ಎಕ್ಸ್‌ಟಿ: 12 ಜಿಬಿ, 192 ಬಿಟ್, 230 ವ್ಯಾಟ್. ಆಗ ಕೈಗೆ ಬರುತ್ತಿದ್ದ ಬೆಲೆ ಹೆಚ್ಚುಕಮ್ಮಿ ಒಂದೇ. ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದ ಹಾಗೆ ಲೆಕ್ಕ ಹಾಕುವುದು) ಬೇಕೇ ಬೇಕು ಅನ್ನುವವರು ಮೊದಲನೆಯದನ್ನೇ ತಗೊಳ್ಳಿ, ಅದರಲ್ಲಿ ಎರಡು ಮಾತಿಲ್ಲ. ಸಣ್ಣ ರೆಸಲ್ಯೂಷನ್ ಚಿತ್ರವನ್ನು ಹಿಗ್ಗಿಸುವ ಅದರ ಡಿಎಲ್‌ಎಸ್‌ಎಸ್ ಕೂಡ ಎರಡನೆಯದರ ಎಫ್‌ಎಸ್‌ಆರ್‌ಗಿಂತ ನೀಟಾಗಿ ಕಾಣುತ್ತದೆ. ಆದರೆ 1440ಪಿಯಲ್ಲಿ ಟೆಕ್ಸ್ಚರ್ ಮೇಲೇರಿಸಿ ಆಡುವವನಿಗೆ 8 ಜಿಬಿ ಸಾಲದು. ಸರಾಸರಿ ಫ್ರೇಮ್ ನೋಡಿದರೆ ಇದು ಗೊತ್ತಾಗುವುದಿಲ್ಲ. ಕ್ಯಾಮೆರಾ ತಿರುಗಿಸಿದಾಗ ಆಗುವ ಜರ್ಕ್‌ನಲ್ಲಿ, ಒಂದು ಶೇಕಡ ಲೋ (ಅತೀ ನಿಧಾನದ ಒಂದು ಶೇಕಡ ಫ್ರೇಮ್‌ಗಳ ವೇಗ) ಸಂಖ್ಯೆಯಲ್ಲಿ ಗೊತ್ತಾಗುತ್ತದೆ.

"ಮೈನಿಂಗ್‌ನಲ್ಲಿ ಸವೆದ ಕಾರ್ಡ್" ಅಂತ ಹೆದರಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಕ್ರಿಪ್ಟೊ ನಾಣ್ಯ ಮೈನಿಂಗ್ ಬೇಡದ ಪ್ರೂಫ್ ಆಫ್ ಸ್ಟೇಕ್‌ಗೆ ಹೋದ ಮೇಲೆ ಆ ಕಾರ್ಡ್‌ಗಳೆಲ್ಲ ಮಾರುಕಟ್ಟೆಗೆ ಬಂದವು, ನಿಜ. ಆದರೆ ಮೈನಿಂಗ್‌ನಲ್ಲಿ ಸವೆಯುವುದು ಹೆಚ್ಚಾಗಿ ಫ್ಯಾನ್ ಮತ್ತು ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪ್ಯಾಡ್. ಎರಡನ್ನೂ ಬದಲಾಯಿಸಬಹುದು. ನಾನು ನೋಡುವುದು ಬೇರೆ. ಅರ್ಧ ಗಂಟೆ ಭಾರ ಕೊಟ್ಟ ಮೇಲೆ ಚಿಪ್ ತಾಪಕ್ಕೂ ಹಾಟ್‌ಸ್ಪಾಟ್ (ಚಿಪ್‌ನಲ್ಲೇ ಅತೀ ಬಿಸಿಯಾದ ಜಾಗ) ತಾಪಕ್ಕೂ ಎಷ್ಟು ಅಂತರ? 15-20 ಡಿಗ್ರಿ ಇದ್ದರೆ ಸರಿ. 30 ದಾಟಿದರೆ ಒಳಗೆ ಏನೋ ಕೂತಿಲ್ಲ. ಆಮೇಲೆ ಮೆಮೊರಿ ತಾಪ. ಆಮೇಲೆ ಯಾರಾದರೂ ಕಾರ್ಡ್‌ನ ಬಯಾಸ್ ಬದಲಾಯಿಸಿದ್ದಾರಾ ಅಂತ ಕ್ಲಾಕ್ ನೋಡುವುದು. ಇನ್ನೊಂದು ಪರೀಕ್ಷೆ ಇದೆ, ಎರಡು ನಿಮಿಷದ್ದು. ಬೆಲೆ ಇಳಿಸಲು ನನಗೆ ಉಪಯೋಗಕ್ಕೆ ಬಂದದ್ದು ಅದೇ. ಅದನ್ನು ಇಲ್ಲಿ ಹೇಳುವುದಿಲ್ಲ. ಮಾರುವವರೂ ಓದುತ್ತಾರೆ!

ನಾನು ತಂದ ಕಾರ್ಡ್‌ನ ಅಂತರ 35ರ ಹತ್ತಿರ ಇತ್ತು. ಬೇಕೆಂದೇ ತಂದೆ. ಮಾರುವವರಿಗೆ ಅದು ಕೆಟ್ಟಿದೆ ಅಂತ ಅನ್ನಿಸಿತ್ತು, ನನಗೆ ಹಾಗೆ ಅನ್ನಿಸಲಿಲ್ಲ. ಹಾಟ್‌ಸ್ಪಾಟ್ 105 ಮುಟ್ಟುತ್ತಿತ್ತು, ಮೆಮೊರಿ ಮಾತ್ರ ತಣ್ಣಗೆ. ಅದೇ ಸುಳಿವು. ಬಿಚ್ಚಿ ನೋಡಿದರೆ ಹಿಂದಿನವರು ಯಾರೋ ಮೆಮೊರಿ ಮೇಲೆ ದಪ್ಪ ಪ್ಯಾಡ್ ಹಾಕಿದ್ದರು. ಪ್ಯಾಡ್ ಅರ್ಧ ಮಿಲಿಮೀಟರ್ ಜಾಸ್ತಿಯಾದರೂ ಹೀಟ್‌ಸಿಂಕ್ ಎತ್ತಿ ಹಿಡಿಯುತ್ತದೆ, ಚಿಪ್ ಮೇಲೆ ಸರಿಯಾಗಿ ಕೂರುವುದಿಲ್ಲ. ಸರಿಯಾದ ದಪ್ಪದ ಪ್ಯಾಡ್, ಹೊಸ ಪೇಸ್ಟ್, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ್ದು. ಹಾಟ್‌ಸ್ಪಾಟ್ 85ರ ಸುತ್ತ ಬಂತು. ಅಂತರ 15. ಇದರಿಂದ ಉಳಿದ ದುಡ್ಡಿನಲ್ಲಿ ಕೂಲರ್ ಮತ್ತು ಫ್ಯಾನ್ ಬಂತು. ಸ್ವಲ್ಪ ಬೀಗಿದರೆ ತಪ್ಪಿಲ್ಲ ಬಿಡಿ.

ಆಮೇಲೆ ಅಂಡರ್‌ವೋಲ್ಟ್, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸುವುದು. ಈ ಕಾರ್ಡ್‌ನ ಡ್ರೈವರ್ ತೋರಿಸುವ 186 ವ್ಯಾಟ್ ಬರೀ ಚಿಪ್ ಮತ್ತು ಮೆಮೊರಿಯ ಲೆಕ್ಕ, ಇಡೀ ಕಾರ್ಡ್ 230 ಎಳೆಯುತ್ತದೆ. 1200 ಮಿಲಿವೋಲ್ಟ್‌ನಿಂದ 1100ರ ಆಸುಪಾಸಿಗೆ ಇಳಿಸಿ, ಮೇಲಿನ ಕ್ಲಾಕ್‌ಗೆ ಸ್ವಲ್ಪ ಕಡಿವಾಣ ಹಾಕಿದೆ. ತೋರಿಸುವ ಸಂಖ್ಯೆ 140ಕ್ಕೆ ಇಳಿಯಿತು. ಕಳೆದುಕೊಂಡದ್ದು ಮೂರು ನಾಲ್ಕು ಶೇಕಡ. ಫ್ಯಾನ್ ಸದ್ದು ಅರ್ಧಕ್ಕರ್ಧ ಕಡಿಮೆ.

ಪವರ್ ಸಪ್ಲೈಗೆ ಮೊದಲು ಮೂಲೆಯಲ್ಲಿ ಬಿದ್ದಿದ್ದ ಹಳೆಯದನ್ನೇ ಹಾಕಿ ನೋಡಿದೆ. ಮೇಲೆ 650 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಗೇಮ್ ಲೋಡ್ ಆಗಿ ಮೊದಲ ಸ್ಫೋಟದ ದೃಶ್ಯ ಬಂದ ತಕ್ಷಣ ಪಟ್ ಅಂತ ಆಫ್. ಪಕ್ಕದ ಲೇಬಲ್ ಓದಿದರೆ ಕಾರ್ಡ್, ಪ್ರೊಸೆಸರ್ ಎಳೆಯುವ 12 ವೋಲ್ಟ್ ಸಾಲಿನಲ್ಲಿ ಇದ್ದದ್ದು 38 ಆಂಪ್ಸ್. ಗುಣಿಸಿ ನೋಡಿ, 456 ವ್ಯಾಟ್. ಕಾರ್ಡ್ ಒಂದು ಕ್ಷಣಕ್ಕೆ ತನ್ನ ಮಿತಿಗಿಂತ ತುಂಬಾ ಮೇಲೆ ಎಳೆಯುತ್ತದೆ, ಸೋತ ಸಪ್ಲೈ ಅದನ್ನು ತಡೆಯಲಾರದು. ಅಲ್ಲಿಂದ 9 ಪಾಲು ಇದಕ್ಕೇ ಅಂತ ಎತ್ತಿಟ್ಟೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವುದು ಕರೆಂಟ್ ಎಷ್ಟು ಪೋಲಾಗುವುದಿಲ್ಲ ಅನ್ನುವ ಲೆಕ್ಕ, ಒಳಗಿನ ಸಾಮಾನು ಚೆನ್ನಾಗಿದೆ ಅನ್ನುವ ಸರ್ಟಿಫಿಕೇಟ್ ಅಲ್ಲ. ವಾರಂಟಿ ಎಷ್ಟು ವರ್ಷ, ಬಿಚ್ಚಿ ಪರೀಕ್ಷೆ ಮಾಡಿದವರು ಏನು ಹೇಳಿದರು, ಇವೆರಡನ್ನೇ ನಾನು ನೋಡುವುದು.

ರ‍್ಯಾಮ್: 8 ಜಿಬಿಯ ಎರಡು ಕಡ್ಡಿ, ಡಿಡಿಆರ್4, ವೇಗ 3600, ಸಿಎಲ್16 (ಉತ್ತರಕ್ಕೆ ಕಾಯುವ ಹೊತ್ತಿನ ಅಳತೆ). ಒಂದೇ ಕಡ್ಡಿ ಹಾಕಿ ನೋಡುವ ಚಪಲ ಇತ್ತು, ನೋಡಿದೆ. ಸಂತೆಯಲ್ಲಿ ಐದರಲ್ಲಿ ಒಂದು ಭಾಗ ಫ್ರೇಮ್ ಮಾಯ, ಜರ್ಕ್ ಅದಕ್ಕಿಂತ ಕೆಟ್ಟದು. 3200ರಿಂದ 3600ಕ್ಕೆ ಹೋದರೆ ಸಿಕ್ಕಿದ್ದು ಮೂರು ನಾಲ್ಕು ಶೇಕಡ. 3600ರಲ್ಲಿ ಪ್ರೊಸೆಸರ್ ಒಳಗಿನ ಭಾಗಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್ 1800ಕ್ಕೆ ರ‍್ಯಾಮ್ ಕ್ಲಾಕ್ ಜೊತೆ ಒಂದಕ್ಕೊಂದು ಹೊಂದಿಕೊಂಡು ಓಡುತ್ತದೆ, ಅದಕ್ಕಿಂತ ಮೇಲೆ ಎಳೆದರೆ ಎಷ್ಟೋ ಚಿಪ್ ಕೈಕೊಡುತ್ತವೆ. ಗೆಳೆಯನ ಬೇರೆ ಕಂಪನಿಯ ಎರಡು ಕಡ್ಡಿ ಸೇರಿಸಿ ನಾಲ್ಕು ಮಾಡಿದಾಗ ಎಕ್ಸ್‌ಎಂಪಿ (ಕಡ್ಡಿಯಲ್ಲೇ ಬರೆದಿರುವ ವೇಗದ ಸೆಟ್ಟಿಂಗ್) ನಿಲ್ಲಲೇ ಇಲ್ಲ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್‌ನಲ್ಲಿ ಕೆಂಪು ಸಾಲುಗಳ ಮಳೆ. 3200ಕ್ಕೆ ಇಳಿಸಿದ ಮೇಲೆ ಸುಮ್ಮನಾಯಿತು. ನಿಜವಾದ ಲಾಭ ಬಂದದ್ದು ಒಳಗಿನ ಸಣ್ಣ ಟೈಮಿಂಗ್‌ಗಳನ್ನು ಕೈಯಾರೆ ಬಿಗಿ ಮಾಡಿದಾಗ. ಟಿಆರ್‌ಎಫ್‌ಸಿ (ರ‍್ಯಾಮ್ ರಿಫ್ರೆಶ್‌ಗೆ ಹಿಡಿಯುವ ಹೊತ್ತು) ಇಂದ ಶುರು ಮಾಡಿ ಅನ್ನುವಷ್ಟು ಹೇಳುತ್ತೇನೆ. ಪೂರ್ತಿ ಪಟ್ಟಿ ನನ್ನ ಹತ್ತಿರವೇ ಇರಲಿ, ರಾತ್ರಿ ನಿದ್ದೆ ಕೆಟ್ಟು ಮಾಡಿದ್ದು.

ಎಸ್‌ಎಸ್‌ಡಿಯಲ್ಲಿ ವೇಗದ ಹಿಂದೆ ಹೋಗಬೇಡಿ. ಹಳೇ ಸಾಟಾ ಕೇಬಲ್‌ನದ್ದು, ಜೆನ್3 (ಪಿಸಿಐಇ 3.0), ಜೆನ್4 (ಪಿಸಿಐಇ 4.0) ಮೂರರಲ್ಲೂ ಅದೇ ಸೇವ್ ಲೋಡ್ ಮಾಡಿ ನೋಡಿದೆ. ಜೆನ್3ಗೂ ಜೆನ್4ಗೂ ಒಂದು ಸೆಕೆಂಡ್ ಕೂಡ ವ್ಯತ್ಯಾಸವಿಲ್ಲ. ಸಾಟಾ ಎರಡು ಮೂರು ಸೆಕೆಂಡ್ ನಿಧಾನ. ಆದರೆ ಕ್ಯೂಎಲ್‌ಸಿ (ಒಂದೊಂದು ಕೋಶದಲ್ಲೂ ನಾಲ್ಕು ಬಿಟ್ ತುರುಕುವ ಚಿಪ್) ಬೇಡ. ಒಂದು ದೊಡ್ಡ ಗೇಮ್ ಕಾಪಿ ಮಾಡುವಾಗ ಕ್ಯಾಶ್ ತುಂಬಿ, ಹಾರ್ಡ್ ಡಿಸ್ಕ್ ವೇಗಕ್ಕೆ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. 1 ಟಿಬಿ, ಕೋಶಕ್ಕೆ ಮೂರೇ ಬಿಟ್‌ನ ಟಿಎಲ್‌ಸಿ, ಜೆನ್3. ಮುಗಿಯಿತು.

ಒಂದು ಪಕ್ಕದ ಪ್ರಯೋಗ. ಬಯಾಸ್‌ನಲ್ಲಿ ಸ್ಲಾಟನ್ನು ಜೆನ್3ಗೆ ಇಳಿಸಿ ನನ್ನ ಕಾರ್ಡ್ ಓಡಿಸಿದೆ. ಸ್ಲಾಟ್‌ನಲ್ಲಿ ಡೇಟಾ ಓಡಾಡುವ ಲೇನ್ ಹದಿನಾರು ಇರುವ ಕಾರ್ಡ್, ಒಂದೆರಡು ಶೇಕಡ ಹೋಯಿತು ಅಷ್ಟೇ. ಅದೇ ಜಾಗಕ್ಕೆ ಗೆಳೆಯನ ಆರ್‌ಎಕ್ಸ್ 6600 ಹಾಕಿದೆ, 8 ಜಿಬಿ, ಎಂಟೇ ಲೇನ್. ಟೆಕ್ಸ್ಚರ್ ಮೇಲೇರಿಸಿ ಮೆಮೊರಿ ತುಂಬಿಸಿದ ಕೂಡಲೇ ಆಟ ತೊದಲಲು ಶುರು. ಜೆನ್4ರಲ್ಲಿ ಅದೇ ಜಾಗ ಸುಮಾರಾಗಿ ದಾಟುತ್ತಿತ್ತು. ಹಳೇ ಬಿ450 ಇಟ್ಟುಕೊಂಡು ಎಂಟು ಲೇನ್‌ನ ಕಾರ್ಡ್ ತಗೊಳ್ಳುವವರು ಇದನ್ನು ಗಮನಿಸಿ.

ಕೇಸ್‌ಗೆ 5 ಪಾಲು ಸಾಕಾಯಿತು, ಮುಂದೆ ಜಾಲರಿ ಇದ್ದರೆ. ಮುಂಭಾಗ ಗಾಜಿನ ಕೇಸ್ ಇದ್ದವನ ಮನೆಯಲ್ಲಿ ಆ ಗಾಜು ಕಳಚಿ ಅಳೆದಾಗ ಕಾರ್ಡ್ ಎಂಟು ಡಿಗ್ರಿ ತಣ್ಣಗಾಗಿತ್ತು. ಮುಂದೆ ಎರಡು ಫ್ಯಾನ್, ಹಿಂದೆ ಒಂದು. ಮೇಲೆ ಇನ್ನೆರಡು ಹಾಕಿ ನೋಡಿದೆ. ಕಾರ್ಡ್ ತಾಪ ಇಳಿಯಲಿಲ್ಲ. ಮೇಲೆ ಮುಂಭಾಗದಲ್ಲಿದ್ದದ್ದು ಒಳಗೆ ಬಂದ ತಣ್ಣನೆ ಗಾಳಿಯನ್ನೇ ಕದ್ದು ಹೊರಗೆ ಹಾಕುತ್ತಿತ್ತು. ತೆಗೆದೆ. ಪ್ರೊಸೆಸರ್ ಜೊತೆ ಬಂದ ಕೂಲರ್ ಕೆಲಸ ಮಾಡುತ್ತದೆ, ಆದರೆ ಭಾರ ಬಿದ್ದಾಗ ಕೂಗಾಡುತ್ತದೆ. ನಾಲ್ಕು ಹೀಟ್‌ಪೈಪ್‌ನ ಅಗ್ಗದ ಟವರ್ ಹಾಕಿದ ಮೇಲೆ 85ರಿಂದ 65ರ ಸುತ್ತ ಬಂತು. 65 ವ್ಯಾಟ್‌ನ ಚಿಪ್‌ಗೆ ಲಿಕ್ವಿಡ್ ಕೂಲರ್ ಯಾಕೆ ಅಂತ ನನಗೆ ಇವತ್ತಿಗೂ ಯಾರೂ ಒಪ್ಪುವ ಹಾಗೆ ಹೇಳಿಲ್ಲ.

ಕೊನೆಗೆ ಪಂದ್ಯ. ಎಎಂ5 ಕಟ್ಟಿದ ಗೆಳೆಯನ ಮಷಿನ್‌ನಲ್ಲಿ 8 ಜಿಬಿ ಕಾರ್ಡ್. ಇಬ್ಬರದ್ದೂ ಅದೇ ಸೇವ್, ಅದೇ ಸಂತೆ, 1440ಪಿ, ಟೆಕ್ಸ್ಚರ್ ಪೂರ್ತಿ. ನನ್ನದು 88 ಸರಾಸರಿ, ಲೋ 70. ಅವನದ್ದು 64 ಸರಾಸರಿ, ಲೋ 40ರ ಕೆಳಗೆ. 720ಪಿಗೆ ಇಳಿಸಿದರೆ ಅವನದ್ದೇ ಮುಂದೆ, ಅದನ್ನೂ ಹೇಳಬೇಕು. ಆದರೆ 720ಪಿಯಲ್ಲಿ ಅವನೂ ಆಡುವುದಿಲ್ಲ, ನಾನೂ ಆಡುವುದಿಲ್ಲ. ಅವನಿಗೆ ಮುಂದೆ ಕಾರ್ಡ್ ಬದಲಾಯಿಸುವ ಖರ್ಚು ಇದೆ. ನನಗೆ 95 ಸಾಲದು ಅನ್ನಿಸಿದ ದಿನ 5700ಎಕ್ಸ್3ಡಿ ಸೆಕೆಂಡ್ ಹ್ಯಾಂಡ್ ಹುಡುಕುವ ಕೆಲಸ ಇದೆ. ಅದಕ್ಕೆ ಬೇಕಾದ ಬಯಾಸ್ ಆಗಲೇ ಹಾಕಿಟ್ಟಿದ್ದೇನೆ.